ತೂಕದಣ್ಣನ ಗುಟ್ಟಿನ ದಾರಿ

ಬೆಳಗಿನ ಮೊದಲ ಲಾರಿ ತೂಕದ ಹಲಗೆಯ ಮೇಲೆ ಹತ್ತಿ ನಿಲ್ಲುವುದಕ್ಕೂ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಒಂದು ಕಿವಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಅಂಗೈಯಗಲದ ಗುಲಾಬಿ ಕಿವಿ. ಅದರ ಕೆಳಗೆ, 'ನಿಮಗೆ ಸರಿಯಾಗಿ ಕೇಳಿಸುತ್ತಿಲ್ಲವೇ? ಇನ್ನು ಚಿಂತೆ ಬಿಡಿ!' ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು.

ತೂಕದಣ್ಣನಿಗೆ ಚಿಂತೆ ಶುರುವಾದದ್ದೇ ಆಗ.

ಪಶು ಆಹಾರದ ಗಿರಣಿಯಲ್ಲಿ ಲಾರಿ ತೂಗುವುದು ಅವನ ಕೆಲಸ. ಗಡಗಡ ಸದ್ದು ಮಾಡುವ ಯಂತ್ರಗಳ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಅವನ ಕಿವಿಗಳು ತುಕ್ಕು ಹಿಡಿದ ಬಾಗಿಲಿನ ಹಾಗೆ ಬಿಗಿದುಕೊಂಡಿದ್ದವು. ಜನರ ಮಾತನ್ನು ತುಟಿ ನೋಡಿ ಅರ್ಧ ತಿಳಿಯುತ್ತಿದ್ದ. ಉಳಿದರ್ಧಕ್ಕೆ ತಲೆಯಾಡಿಸಿ, "ಹೂಂ, ಸರಿ ಸರಿ" ಎನ್ನುತ್ತಿದ್ದ. ತೂಕದ ಕೋಣೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ತೂಕದ ಅಂಕಿಯೇನೋ ಎದುರಿನ ಪೆಟ್ಟಿಗೆಯ ಮೇಲೆ ಕೆಂಪಗೆ ಬೆಳಗುತ್ತಿತ್ತು. ಕಿವಿಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಕಣ್ಣು ಮಂಜಾಯಿತೆಂದು ಗೇಟಿನವನನ್ನು ಮ್ಯಾನೇಜರು ಹೋದ ತಿಂಗಳಷ್ಟೇ ಮನೆಗೆ ಕಳಿಸಿದ್ದರು. ಕಿವಿಯ ಸಂಗತಿ ತಿಳಿದರೆ ಮುಂದಿನ ಸರದಿ ತನ್ನದೇ ಎಂಬ ಅಳುಕು ಆವತ್ತಿನಿಂದ ಅವನಲ್ಲಿ ಮನೆಮಾಡಿತ್ತು. ಅದಕ್ಕೇ ನಿನ್ನೆ ಊಟದ ಬಿಡುವಿನಲ್ಲಿ ಗೋದಾಮಿನ ಹಿಂದೆ ನಿಂತು, ಯಾರಿಗೂ ಕಾಣದಷ್ಟು ಸಣ್ಣ ಶ್ರವಣಯಂತ್ರ ಸಿಗುತ್ತದೆಯೇ ಎಂದು ಫೋನಿನಲ್ಲಿ ಹುಡುಕಿದ್ದ.

"ಅಣ್ಣಾ, ಇದ್ಯಾರ ಕಿವಿ?" ಚೀಟಿ ಒಯ್ಯಲು ಬಂದ ಲೆಕ್ಕದಮ್ಮ ಪರದೆಯತ್ತ ಬಗ್ಗಿದಳು.

"ಯಾವುದೋ ಜಾಹೀರಾತು ಕಣಮ್ಮಾ."

"ನಾವೇನು ಹುಡುಕ್ತೀವೋ ಅದೇ ಬರೋದು. ಒಂದ್ಸಲ ಕುಕ್ಕರ್ ಹುಡುಕಿದೆ ನೋಡಿ, ವಾರಗಟ್ಲೆ ಎಲ್ಲಿ ನೋಡಿದ್ರೂ ಕುಕ್ಕರೇ." ಅವಳು ಅವನ ಮುಖವನ್ನೊಮ್ಮೆ, ಕಿವಿಯನ್ನೊಮ್ಮೆ ನೋಡಿ ಹೋದಳು.

ತೂಕದಣ್ಣ ಕೂಡಲೇ ಪಟ್ಟಣದಲ್ಲಿ ಕೇಬಲ್ ಎಳೆಯುವ ಕೆಲಸದಲ್ಲಿದ್ದ ಭಾವಮೈದುನನಿಗೆ ಫೋನು ಹಚ್ಚಿ, ಬಾಯಿಗೆ ಕೈ ಅಡ್ಡ ಹಿಡಿದು ನಡೆದದ್ದನ್ನು ಹೇಳಿದ. ಸ್ಪೀಕರ್ ಹಾಕದೆ ಅವನಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಹಾಕಿದ.

"ಭಾವಾ, ನೀನು ಆಫೀಸಿನ ವೈಫೈಲಿ ಹುಡುಕಿದೀಯ. ಅದಕ್ಕೇ ಎಲ್ಲಾ ಬಯಲಿಗೆ ಬರ್ತಿದೆ! ನಿನ್ನ ಗುಟ್ಟು ಯಾರಿಗೂ ತಿಳೀಬಾರದು ಅಂದ್ರೆ ವಿಪಿಎನ್ ಹಾಕ್ಕೋ, ವಿಪಿಎನ್ನು!"

ಕಿಟಕಿಯಾಚೆ ಚೀಟಿಗೆ ಕಾಯುತ್ತಿದ್ದ ಡ್ರೈವರುಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

"ಏನಣ್ಣಾ ಗುಟ್ಟು?"

"ಈ ವಯಸ್ಸಲ್ಲಿ ಗುಟ್ಟು ಅಂದ್ರೆ ಇನ್ನೇನಿರುತ್ತೋ! ಅತ್ತಿಗೆಗೆ ಹೇಳ್ಬೇಕು."

"ಹೂಂ, ಸರಿ ಸರಿ," ಎಂದ ತೂಕದಣ್ಣ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರು ಹೋದ ಮೇಲೆ ಫೋನಿನಲ್ಲಿ ಸಿಕ್ಕ ಮೊದಲನೆಯ ವಿಪಿಎನ್ ಇಳಿಸಿಕೊಂಡ. ಪುಕ್ಕಟೆಯದು. ಬೀಗದ ಚಿತ್ರ, ಬೀಗದ ಮೇಲೊಂದು ಗುರಾಣಿ, ಗುರಾಣಿಯ ಮೇಲೆ ಮತ್ತೊಂದು ಬೀಗ. ಅದು ಏನೇನೋ ಕೇಳಿತು. ಜನ ಕೇಳಿದಾಗ ತಲೆಯಾಡಿಸುವ ಹಾಗೆ ಇದು ಕೇಳಿದಾಗಲೂ 'ಸರಿ', 'ಸರಿ', 'ಸರಿ' ಎಂದು ಒತ್ತುತ್ತಾ ಹೋದ. ತುಸು ಹೊತ್ತಿನಲ್ಲೇ ಲೆಕ್ಕದಮ್ಮ ತನ್ನ ಫೋನು ಹಿಡಿದು ಓಡಿಬಂದಳು.

"ಅಣ್ಣಾ, ಇದೇನು ಕಳಿಸಿದೀರಿ? 'ನಾನೀಗ ಗುಟ್ಟಾಗಿದ್ದೇನೆ. ನೀವೂ ಗುಟ್ಟಾಗಿ, ಬಹುಮಾನ ಗೆಲ್ಲಿ.' ನನಗೊಬ್ಬಳಿಗೇ ಅಲ್ಲ, ಹಮಾಲರಿಗೂ ಬಂದಿದೆ. ಮ್ಯಾನೇಜರಿಗೂ ಬಂದಿದೆಯಂತೆ!"

ಅವನ ಫೋನಿನಲ್ಲಿ ಹೆಸರಿದ್ದ ಒಬ್ಬರನ್ನೂ ಆ ಪುಕ್ಕಟೆ ವಿಪಿಎನ್ ಬಿಟ್ಟಿರಲಿಲ್ಲ. ಹೆಂಡತಿಯ ಸೋದರತ್ತೆಯಂತೂ, 'ಯಾಕಪ್ಪಾ, ಪೊಲೀಸಿನವರು ಹುಡುಕ್ತಿದಾರಾ?' ಎಂದು ಕೇಳಿ ಕಳಿಸಿದ್ದಳು.

ಮಧ್ಯಾಹ್ನ ಊಟ ಬಿಟ್ಟು ಮೊಬೈಲ್ ಅಂಗಡಿಗೆ ಓಡಿದ. ಅಂಗಡಿಯವನು ಗಂಟಲಿಗೆ ಕಡಿವಾಣವಿಲ್ಲದ ಮನುಷ್ಯ. ಅವನು ಇಲ್ಲಿ ಮಾತಾಡಿದರೆ ರಸ್ತೆಯಾಚೆಯ ಪಂಕ್ಚರ್ ಅಂಗಡಿಯವರು ಉತ್ತರ ಕೊಡುತ್ತಿದ್ದರು.

"ಯಜಮಾನ್ರೇ, ಪುಕ್ಕಟೆಯದನ್ನ ಯಾರು ಹಾಕ್ಕೊಳ್ಳೋಕೆ ಹೇಳಿದ್ದು? ವಿಪಿಎನ್ ಅಂದ್ರೆ ಮುಚ್ಚಿದ ಗಾಡಿ. ದಾರಿಯಲ್ಲಿ ನಿಂತವರಿಗೆ ಒಳಗೆ ಯಾರಿದಾರೆ, ಎಲ್ಲಿಗೆ ಹೋಗ್ತಿದಾರೆ ಅಂತ ಕಾಣೋದಿಲ್ಲ. ಆದ್ರೆ ಗಾಡಿ ಹೊಡೆಯೋನಿಗೆ ಎಲ್ಲಾ ಗೊತ್ತಿರುತ್ತೆ. ಅವನೇ ಬಾಯಿಬಡುಕನಾದ್ರೆ?"

"ನಿನ್ನ ಥರದವನಾದ್ರೆ ಮುಗೀತು!" ಎಂದ ಪಂಕ್ಚರಿನವನು ಅಲ್ಲಿಂದಲೇ.

"ನೀನು ಗಾಳಿ ಹಾಕೋ ಸುಮ್ನೆ! ನೋಡಿ ಯಜಮಾನ್ರೇ, ನಡೆಸೋರು ಯಾರು ಅಂತ ಗೊತ್ತಿರಬೇಕು. ನೀವು ಎಲ್ಲೆಲ್ಲಿ ಹೋದಿರಿ ಅಂತ ಬರೆದಿಟ್ಕೋಬಾರದು. ಬರೆದಿಟ್ಕೊಳ್ಳೋಲ್ಲ ಅಂತ ಅವರು ಹೇಳಿದ್ರೆ ಸಾಲದು, ಹೊರಗಿನವರು ಬಂದು ತಪಾಸಣೆ ಮಾಡಿರಬೇಕು. ಅಂದ ಹಾಗೆ, ನೀವು ಮುಚ್ಚಿಡಬೇಕಾಗಿರೋದು ಏನು?"

ಪಂಕ್ಚರ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಚಕ್ರ ಬಿಚ್ಚಿಸಿಕೊಂಡು ಕೂತಿದ್ದವರೆಲ್ಲ ಇತ್ತ ತಿರುಗಿದರು.

ತೂಕದಣ್ಣ ಕೈಮುಗಿದ. "ನಿಮ್ಮ ದಮ್ಮಯ್ಯ, ಸ್ವಲ್ಪ ಮೆಲ್ಲಗೆ ಮಾತಾಡಿ."

ಅಂಗಡಿಯವನಿಗೆ ಪಾಪ ಅನ್ನಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿದ. ಪುಕ್ಕಟೆಯದನ್ನು ಕಿತ್ತುಹಾಕಿ, ದುಡ್ಡು ಕೊಟ್ಟು ಕೊಳ್ಳುವ ಒಳ್ಳೆಯದೊಂದನ್ನು ಹಾಕುತ್ತಾ, ತಲೆ ಬಗ್ಗಿಸಿಕೊಂಡೇ ಏನೋ ದೀರ್ಘವಾಗಿ ವಿವರಿಸಿದ. ಎರಡು ಸಲ ವಿವರಿಸಿದ. ತೂಕದಣ್ಣನಿಗೆ ಅವನ ನೆತ್ತಿಯಷ್ಟೇ ಕಂಡಿತು.

"ಹೂಂ, ಸರಿ ಸರಿ," ಎಂದ.

ಅಂಗಡಿಯವನು ಹೇಳಿದ್ದು ಇಷ್ಟು: ಲಾರಿ ಚೀಟಿಯ ಫೋಟೋ ಕಳಿಸಲೆಂದು ಈ ಫೋನಿಗೆ ಹಾಕಿಸಿಕೊಂಡದ್ದು ಆಫೀಸಿನ ಖಾತೆ, ಅದು ಇರುವ ತನಕ ಇಲ್ಲಿ ಹುಡುಕಿದ್ದರ ಜಾಹೀರಾತು ಆಫೀಸಿನ ಕಂಪ್ಯೂಟರಿನಲ್ಲೂ ಬಂದೇ ಬರುತ್ತದೆ, ವಿಪಿಎನ್ ಎಷ್ಟು ಭದ್ರವಾಗಿದ್ದರೂ ಅದನ್ನು ತಡೆಯಲಾರದು, ಮೊದಲು ಖಾತೆ ಬದಲಾಯಿಸಿ.

ತೂಕದಣ್ಣ ಹಗುರ ಮನಸ್ಸಿನಿಂದ ಗಿರಣಿಗೆ ಹಿಂದಿರುಗಿದ. ಕಂಪ್ಯೂಟರಿನಲ್ಲಿ ಈಗ ಎರಡು ಕಿವಿಗಳಿದ್ದವು. 'ಜೋಡಿ ಕೊಂಡರೆ ಅರ್ಧ ಬೆಲೆ!'

ಎದುರಿಗೆ ಮ್ಯಾನೇಜರು ನಿಂತಿದ್ದರು. ತೂಕದಣ್ಣ ಚಟ್ಟನೆ ಪರದೆಗೆ ಬೆನ್ನು ಕೊಟ್ಟು ನಿಂತ. ಅವರು ಬಾ ಎಂದು ಬೆರಳಾಡಿಸಿದರು. ಎಳೆದ ಕಡೆಗೆ ಬರಲೊಲ್ಲದ ಕರುವಿನ ಹಾಗೆ ಅವನು ಹಿಂದೆ ಹಿಂದೆ ನಡೆದ.

ಒಳಗೆ ಹೋದ ಮೇಲೆ ಅವರು ಬಾಗಿಲು ಹಾಕಿದರು, ಕಿಟಕಿಯನ್ನೂ ಎಳೆದರು. ಆಮೇಲೆ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟತೊಡಗಿದರು. ಅವರ ಮೀಸೆಯೋ ಹುಲ್ಲಿನ ಮಾಡಿನ ಸೂರಿನ ಹಾಗೆ ಇಳಿಬಿದ್ದು ತುಟಿಯನ್ನು ಪೂರ್ತಿ ಮುಚ್ಚಿತ್ತು. ಮೀಸೆ ಏರಿತು, ಇಳಿಯಿತು, ಪ್ರಶ್ನೆಯ ಹಾಗೆ ನಿಂತಿತು.

ಕೇಳಿಸಲಿಲ್ಲ ಎಂದರೆ ಕೆಲಸ ಹೋಯಿತು. ತೂಕದಣ್ಣ ತಲೆಯಾಡಿಸಿದ. ಮೀಸೆ ಮತ್ತೆ ಪಿಸುಗುಟ್ಟಿತು. ಅವನು ಮತ್ತೆ ತಲೆಯಾಡಿಸಿ, "ಹೂಂ, ಸರಿ ಸರಿ" ಎಂದ. ಮ್ಯಾನೇಜರು ಎದ್ದು ಬಂದು ಅವನ ಬೆನ್ನು ತಟ್ಟಿದರು.

ಬೆನ್ನು ತಟ್ಟಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಹೊರಗೆ ಬಂದವನಿಗೆ ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ಸರಾಗವಾಯಿತು. ಹಸಿವೂ ಕಾಣಿಸಿಕೊಂಡಿತು.

ಅಷ್ಟರಲ್ಲಿ ಲೆಕ್ಕದಮ್ಮ ಒಂದು ಬೀಗದ ಕೈ ಹಿಡಿದು ಎದುರಾದಳು. ಅವನ ಕೈಗೆ ಅದನ್ನಿಟ್ಟು, ಯಂತ್ರಗಳ ಗದ್ದಲಕ್ಕೆ ಕಿವಿಯ ಹತ್ತಿರವೇ ಬಾಯಿ ತಂದು ಕೂಗಿ ಹೇಳಿದಳು:

"ಒಪ್ಪಿಕೊಂಡ್ರಂತೆ, ಒಳ್ಳೇದಾಯ್ತು ಅಣ್ಣಾ! ಮಾಲಿನ ಧಾರಣೆಯ ಮಾತೆಲ್ಲ ಹೊರಗೆ ಸೋರ್ತಿದೆ ಅಂತ ಮ್ಯಾನೇಜರು ತಲೆ ಕೆಡಿಸ್ಕೊಂಡಿದ್ರು. ನಿಮ್ಮ ಸಂದೇಶ ನೋಡಿದ್ದೇ ತಡ, 'ಗುಟ್ಟಿಗೋಸ್ಕರ ಇಷ್ಟು ಒದ್ದಾಡೋ ಮನುಷ್ಯ ಇನ್ನೊಬ್ಬ ಸಿಗೋಲ್ಲ' ಅಂದ್ರು. ತೂಕ ನೋಡೋಕೆ ಬೇರೆಯವನು ಬರ್ತಾನೆ. ಇವತ್ತಿಂದ ನೀವು ಫೋನಿನ ಕೋಣೆಗೆ! ಧಾರಣೆ ಹೇಳೋ ದಲ್ಲಾಳಿಗಳು ಫೋನಲ್ಲಿ ಪಿಸುಪಿಸು ಅಂತಲೇ ಮಾತಾಡೋದು, ಕಿವಿಗೊಟ್ಟು ಕೇಳ್ಬೇಕಷ್ಟೆ."

ತೂಕದಣ್ಣ ಬೀಗದ ಕೈಯನ್ನೇ ನೋಡುತ್ತಾ ನಿಂತ. ಪಕ್ಕದ ಮುಚ್ಚಿದ ಕೋಣೆಯೊಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಂಗಳದಲ್ಲಿದ್ದ ಹಮಾಲರು ತಿರುಗಿ ನೋಡಿದರು. ಗೇಟಿನ ಬಳಿಯ ನಾಯಿಯೂ ತಲೆಯೆತ್ತಿತು.

ಲೆಕ್ಕದಮ್ಮ ಆ ಬಾಗಿಲಿನ ಕಡೆ ಕೈ ಮಾಡಿ ಏನೋ ಹೇಳಿದಳು.

"ಹೂಂ," ಎಂದ ತೂಕದಣ್ಣ, "ಸರಿ ಸರಿ."