ನಮ್ಮತ್ತೆಯ ಹಸುವಿಲ್ಲದ ಡೈರಿ

ನಮ್ಮ ಸೋದರತ್ತೆಯ ಮನೆಯಲ್ಲಿ ಎಲ್ಲವೂ ಹಾಲು ಕೊಡುತ್ತದೆ, ಹಸುವೊಂದನ್ನು ಬಿಟ್ಟು! ತೆಂಗಿನಕಾಯಿ ಕೊಡುತ್ತದೆ, ಕಡಲೆಬೀಜ ಕೊಡುತ್ತದೆ, ಗೋಡಂಬಿ ಕೊಡುತ್ತದೆ, ಎಳ್ಳು ಕೊಡುತ್ತದೆ. ಒಂದು ಸಲ ಕುಂಬಳಕಾಯಿ ಬೀಜವೂ ಕೊಟ್ಟಿತ್ತು. ಅದನ್ನು ಕುಡಿದ ಮಾವ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲವಾದ್ದರಿಂದ ಆ ಬೀಜಕ್ಕೆ ಗೌರವದಿಂದ ನಿವೃತ್ತಿ ಕೊಡಲಾಯಿತು. ಇನ್ನು ಆ ಮನೆಯ ಸಾಮಾನಿನ ವಿಷಯವೋ, ಕೇಳಲೇಬೇಡಿ. ಒಂದೂ ಹೊಸದಲ್ಲ! ಕುರ್ಚಿಯಿಂದ ಸೌಟಿನವರೆಗೆ ಎಲ್ಲವೂ ಇನ್ಯಾರದೋ ಮನೆಯಲ್ಲಿ ಒಂದು ಜನ್ಮ ಕಳೆದು ಬಂದಂಥವು. "ಆ ಮನೇಲಿ ಫಸ್ಟ್ ಹ್ಯಾಂಡ್ ಅಂತ ಇರೋದು ನಮ್ಮ ಭಾವ ಒಬ್ರೇ. ಅದಕ್ಕೇ ಅವ್ರಿಗೆ ಬೆಲೆ ಇಲ್ಲ" ಎನ್ನುತ್ತಾರೆ ನಮ್ಮಪ್ಪ.

ಅತ್ತೆ ಇರುವುದು ಆರ್‌ಪಿಸಿ ಲೇಔಟಿನಲ್ಲಿ, ನಾವು ಹೊಸಹಳ್ಳಿಯಲ್ಲಿ. ಒಬ್ಬಳೇ ನಡೆದರೆ ಕಾಲು ಗಂಟೆಯ ದಾರಿ. ಅತ್ತೆಯ ಜೊತೆ ನಡೆದರೆ ಒಂದೂವರೆ ಗಂಟೆ. ಯಾಕೆ ಅಂತೀರಾ? ದಾರಿಯಲ್ಲಿ ಮೂರು ಗುಜರಿ ಅಂಗಡಿಗಳಿವೆ! "ಸುಮ್ನೆ ಒಂದ್ ಸಲ ಇಣುಕಿ ಬಂದ್ಬಿಡ್ತೀನಿ ಕಣೇ" ಎಂದು ಒಳಹೊಕ್ಕವಳು ಹಳೇ ಪಾತ್ರೆಗಳ ರಾಶಿಯಲ್ಲಿ ಸೊಂಟದ ತನಕ ಮುಳುಗಿ, ಸೀರೆಗೆಲ್ಲ ತುಕ್ಕು ಮೆತ್ತಿಕೊಂಡು, ಕೈಯಲ್ಲೊಂದು ತಪ್ಪಲೆ ಹಿಡಿದು, ಸಮುದ್ರದೊಳಗಿಂದ ಮುತ್ತು ಹೆಕ್ಕಿದವಳ ಹಾಗೆ ಮೇಲೇಳುತ್ತಾಳೆ.

ಅದೂ ಬರೀ ತಪ್ಪಲೆಯಾದರೆ ಆಗದು. ಅದರ ಮೇಲೆ ಹೆಸರು ಇರಬೇಕು. ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಕೊರೆಸದೆ ಅಂಗಡಿಯಿಂದ ಇಳಿಯುತ್ತಾರೆಯೇ? ಮದುವೆಗೆ ಕೊಟ್ಟದ್ದು, ಗೃಹಪ್ರವೇಶಕ್ಕೆ ಕೊಟ್ಟದ್ದು, ಯಾರು ಯಾರಿಗೆ ಕೊಟ್ಟದ್ದು, ಎಲ್ಲ ಚುಕ್ಕೆ ಚುಕ್ಕೆಯ ಅಕ್ಷರದಲ್ಲಿ ಪಾತ್ರೆಯ ಕೊರಳಿಗೆ ಬರೆದಿರುತ್ತದೆ. "ಯಾರೋ ಆಸೆಪಟ್ಟು ಬರೆಸಿದ್ದು. ಕರಗ್ಸೋಕೆ ಬಿಡೋಕಾಗುತ್ತಾ?" ಎನ್ನುವುದು ಅತ್ತೆಯ ವಾದ. ಹೀಗೆ ಕಂಡು ಕೇಳರಿಯದ ಜನರೆಲ್ಲ ಅವಳ ಅಡುಗೆಮನೆಗೆ ಬಂದು ಸಂಸಾರ ಹೂಡಿದ್ದಾರೆ. ಅವಳಿಗೆ ಪಾತ್ರೆಗಳು ಪಾತ್ರೆಗಳಲ್ಲ, ನೆಂಟರು. ಪುಟ್ಟಗೌರಮ್ಮನಿಗೆ ಸೊಂಟ ಸ್ವಲ್ಪ ನೆಗ್ಗಿದೆ, ಅನ್ನಕ್ಕೆ ಆಗಲ್ಲ. ಸಾಕಮ್ಮನದು ದಪ್ಪ ತಳ, ಸಾರಿಗೆ ಎತ್ತಿದ ಕೈ.

ಎದುರುಮನೆಗೆ ಹೊಸದಾಗಿ ಬಂದ ಆಂಟಿಯೊಬ್ಬರು ಒಮ್ಮೆ ಅತ್ತೆಯ ಗೇಟಿನ ಬಳಿ ಮಾತಿಗೆ ನಿಂತಿದ್ದರು. ನಡುವೆ ಅತ್ತೆ ತಟ್ಟನೆ ಹಣೆ ಚಚ್ಚಿಕೊಂಡು, "ಅಯ್ಯೋ! ಸಾಕಮ್ಮನ್ನ ಒಲೆ ಮೇಲೆ ಕೂರಿಸಿ ಬಂದ್ಬಿಟ್ಟಿದೀನಿ ಕಣ್ರೀ! ಇಷ್ಟೊತ್ತಿಗೆ ಸೀದೇ ಹೋಗಿರ್ತಾಳೆ!" ಎಂದು ಒಳಗೆ ಓಡಿದಳು. ಆ ಆಂಟಿ ಅನಂತರ ಒಂದು ತಿಂಗಳು ತಮ್ಮ ಗೇಟಿಗೆ ಹಗಲೂ ಬೀಗ ಹಾಕಿಕೊಂಡಿದ್ದರು.

ಇವಳ ಮಿಕ್ಸಿಯೂ ಗುಜರಿಯದೇ. ಅದು ಗುಂಡಿ ಒತ್ತಿದರೆ ಓಡುವುದಿಲ್ಲ. ಬೆನ್ನಿಗೆ ಎರಡು ಏಟು ಬಿದ್ದರೆ ಓಡುತ್ತದೆ. ಓಡತೊಡಗಿತೋ, ಮನೆಯ ಕಿಟಕಿಗಳೆಲ್ಲ ಗಡಗಡ! ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ಕುಳಿತ ಜನ ರೈಲು ಬಂತೆಂದು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಾರಂತೆ. ಇದು ಮಾವನ ಹೇಳಿಕೆ. ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಸದ್ದಿನ ವಿಷಯದಲ್ಲಿ ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಆ ಮಿಕ್ಸಿಯಲ್ಲಿ ಕಡಲೆಬೀಜ ರುಬ್ಬಿ, ಸೋಸಿ, ಕಾಯಿಸಿ, ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಅತ್ತೆ ಮೊದಲ ಸಲ ಮೊಸರಿಗೆ ಹೆಪ್ಪು ಹಾಕಿದ ದಿನ ನಾನೂ ಅಲ್ಲಿದ್ದೆ. ಮೊಸರೇನೋ ಆಯಿತು. ಮಾವ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿದರು.

"ಹೇಗಿದೆ ರೀ?"

"ಇದು ಮೊಸರಿಗೆ ಅಂತಾನೇ ಟಿಕೆಟ್ ತಗೊಂಡಿದೆ ಕಣೇ. ಆದ್ರೆ ಚಟ್ನಿ ಅನ್ನೋ ಸ್ಟಾಪಲ್ಲಿ ಇಳ್ಕೊಂಬಿಟ್ಟಿದೆ."

ಆ ದಿನದಿಂದ ಮಾವನಿಗೆ ಇದ್ದಕ್ಕಿದ್ದಂತೆ ಆರೋಗ್ಯದ ಕಾಳಜಿ ಹುಟ್ಟಿತು. ದಿನಕ್ಕೆ ನಾಲ್ಕು ಸಲ ವಾಕಿಂಗ್! ಮಳೆಯಿರಲಿ, ಬಿಸಿಲಿರಲಿ, ಬಿಡುವುದಿಲ್ಲ. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಆದರೆ ದಿನಕ್ಕೆ ನಾಲ್ಕು ಸಲ ನಡೆಯುವ ಮನುಷ್ಯ ಎರಡು ತಿಂಗಳಲ್ಲಿ ನಾಲ್ಕು ಕೆಜಿ ಏರುವುದು ಹೇಗೆ? ಒಂದು ಬೆಳಗ್ಗೆ ನಾನು ದರ್ಶಿನಿ ಹೋಟೆಲಿನ ಮುಂದೆ ಹಾದುಹೋಗುವಾಗ ಕಂಬದ ಹಿಂದೆ ಮಾವ ಸ್ಟ್ರಾಂಗ್ ಕಾಫಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಮೊಸರುವಡೆ. ನನ್ನನ್ನು ನೋಡಿ, "ಪುಟ್ಟಿ, ನೀನು ನನ್ನ ನೋಡ್ಲಿಲ್ಲ, ನಾನು ನಿನ್ನ ನೋಡ್ಲಿಲ್ಲ. ಕೇಸರಿಭಾತ್ ತಿಂತೀಯಾ?" ಎಂದರು. ತಿಂದೆ. ತುಪ್ಪ ಚೆನ್ನಾಗಿ ಸುರಿದಿದ್ದರು.

ಅಷ್ಟಕ್ಕೂ ನಮ್ಮದೇನೂ ಮಡಿವಂತರ ಮನೆಯಲ್ಲ. ಹಿಂದೆ ಇಲ್ಲೇ ಹೊಲ ಉಳುತ್ತಿದ್ದ ಜನ. ಭಾನುವಾರ ಕೋಳಿ ಕೂಗುವುದಕ್ಕಿಂತ ಮುಂಚೆ ಸಾರಾಗುತ್ತಿದ್ದ ಮನೆ. ಅತ್ತೆ ಮಾಂಸ ಬಿಟ್ಟಾಗ ಒಬ್ಬರೂ ಕೇಳಲಿಲ್ಲ. ವಯಸ್ಸಾಯಿತು, ಭಕ್ತಿ ಬಂತು ಅಂದುಕೊಂಡೆವು. ಆದರೆ ಎರಡು ವರ್ಷದ ಹಿಂದೆ ಅವರ ಪಕ್ಕದ ಬೀದಿಯಲ್ಲಿ ಯಾರೋ ಹಸುವನ್ನು ಒಂದು ಗೂಟಕ್ಕೆ, ಕರುವನ್ನು ಇನ್ನೊಂದು ಗೂಟಕ್ಕೆ ಕಟ್ಟಿದ್ದರು. ಕರು ದಿನವೂ ಹಗ್ಗ ಜಗ್ಗುವುದನ್ನು ಅತ್ತೆ ಒಂದು ವಾರ ನೋಡಿದಳು. ಎಂಟನೆಯ ದಿನ ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟಳು. ಆಗ ನೋಡಿ, ಮನೆತನವೇ ಅಲ್ಲಾಡಿತು! ಅಪ್ಪ ಬಂದು ಬುದ್ಧಿ ಹೇಳಿದರು, ಮಾವ ಕೈ ಮುಗಿದರು. ಅತ್ತೆ ಎಲ್ಲರಿಗೂ ಎಳ್ಳಿನ ಹಾಲಿನ ಕಾಫಿ ಕೊಟ್ಟಳು. ಸಭೆ ಬೇಗನೆ ಬರಖಾಸ್ತಾಯಿತು.

ಒಬ್ಬರು ಮಾತ್ರ ಬಗ್ಗಲಿಲ್ಲ. ಅದು ನಮ್ಮ ಅಜ್ಜಿ, ಅತ್ತೆಯ ತಾಯಿ.

ಅಜ್ಜಿ ನಮ್ಮ ಜೊತೆಯೇ ಇದ್ದಾಳೆ. ಎಂಬತ್ತಾರು ವರ್ಷ. ಹರೆಯದಲ್ಲಿ ಎರಡು ಹಸು ಕಟ್ಟಿ, ಮನೆ ಮನೆಗೆ ಹಾಲು ಹಾಕಿ ನಾಲ್ಕು ಮಕ್ಕಳನ್ನು ಸಾಕಿದವಳು. ಹಸುಗಳು ಹೋಗಿ ಎಷ್ಟೋ ಕಾಲವಾದರೂ ಅವಳಿಗೊಂದು ಅಭ್ಯಾಸ ಉಳಿದಿತ್ತು. ದಿನವೂ ಬೆಳಗ್ಗೆ ಹಾಲು ಕಾಯಿಸಿ, ಒಂದು ಡಬ್ಬಿಗೆ ತುಂಬಿ ಮಗಳ ಮನೆಗೆ ಕಳಿಸುವುದು. ಅತ್ತೆಯ ಮನೆಗೆ ಹಾಲಿನವನು ಬರುತ್ತಿರಲಿಲ್ಲವೇ? ಬರುತ್ತಿದ್ದ. ಆದರೂ ಕಳಿಸುತ್ತಿದ್ದಳು. ಸ್ಕೂಲಿಗೆ ಹೋಗುವ ಕಾಲದಿಂದ ಅದನ್ನು ಹೊತ್ತವಳು ನಾನೇ.

ಅತ್ತೆ ಹಾಲು ಬಿಟ್ಟ ದಿನ ಡಬ್ಬಿ ತುಂಬಿಕೊಂಡೇ ವಾಪಸು ಬಂತು. ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಹೋಗಿ ಹೇಳು ಅವಳಿಗೆ. ನಾನು ಕೊಟ್ಟ ಹಾಲು ಅವಳು ಕುಡಿಯೋ ತನಕ ನಾನು ಅವಳ ಮನೇಲಿ ಒಂದು ಅಗುಳೂ ಮುಟ್ಟಲ್ಲ."

ಎರಡು ವರ್ಷ! ಅಜ್ಜಿ ಹೋಗುತ್ತಿದ್ದಳು, ಬಾಗಿಲ ಮೆಟ್ಟಿಲ ಮೇಲೆ ಕುಳಿತು ನೀರು ಮಾತ್ರ ಕೇಳುತ್ತಿದ್ದಳು. "ಬರೀ ನೀರು ಕೊಡು. ಅದನ್ನೂ ಯಾವ ಬೀಜದಿಂದ ಹಿಂಡಿದೀಯೋ ಏನೋ!" ಅತ್ತೆ ನಗುತ್ತಾ ಕೊಡುತ್ತಿದ್ದಳು. ಆದರೆ ಅಜ್ಜಿ ಬರುವ ದಿನ ಅವಳು ಮುದ್ದೆ, ಬಸ್ಸಾರು ಮಾಡಿ, ತಟ್ಟೆ ಹಾಕಿ ಕಾಯುತ್ತಿದ್ದುದನ್ನು, ಅಜ್ಜಿ ಹೋದ ಮೇಲೆ ಆ ತಟ್ಟೆಯನ್ನು ಎತ್ತಿಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಮಾವನೇ ಒಮ್ಮೆ, "ಒಂದ್ ಗುಟುಕು ಕುಡಿದ್ಬಿಡೇ, ಯಾವ್ ಕರು ಬಂದು ನೋಡುತ್ತೆ?" ಅಂದರು. "ನಾನು ನೋಡ್ತೀನಲ್ಲ ರೀ" ಅಂದಳು ಅತ್ತೆ.

ಹೀಗಿರುವಾಗ ಅವಳ ತಲೆಗೊಂದು ಅದ್ಭುತ ಉಪಾಯ ಹೊಳೆಯಿತು. ಗುಜರಿಯಲ್ಲಿ ಹಳೆಯ ಅಲ್ಯೂಮಿನಿಯಂ ಹಾಲಿನ ಕ್ಯಾನೊಂದು ಸಿಕ್ಕಿತ್ತು. ಮೈಯೆಲ್ಲ ನೆಗ್ಗಿದ್ದರೂ ಗಟ್ಟಿಮುಟ್ಟು. ಅವ್ವನಿಗೆ ಹಳೆಯ ದಿನಗಳ ನೆನಪಾಗಲಿ, ಖುಷಿಯಾಗಲಿ ಎಂದು ಅದನ್ನು ಉಜ್ಜಿ ಉಜ್ಜಿ ಹೊಳೆಯಿಸಿದಳು. ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಳು. ಮೆಟ್ಟಿಲ ಪಕ್ಕ, ಅಜ್ಜಿ ಕೂರುವ ಜಾಗದಲ್ಲೇ ಇಟ್ಟಳು. ಆ ಭಾನುವಾರ ನಾನೇ ಅಜ್ಜಿಯ ಕೈ ಹಿಡಿದು ಕರೆದುಕೊಂಡು ಹೋದೆ.

"ನೋಡವ್ವ, ಯಾರು ಬಂದಿದಾರೆ ಅಂತ!"

ಅಜ್ಜಿ ಕ್ಯಾನಿನ ಸುತ್ತ ಕೈಯಾಡಿಸಿದಳು. ಕೆಳಗೆ ಬಗ್ಗಿ ನೋಡಿದಳು.

"ತಳಕ್ಕೆ ತೂತು ಹಾಕ್ಸಿದೀಯಾ?"

"ನೀರು ಹೋಗ್ಬೇಕಲ್ಲವ್ವ, ಇಲ್ದಿದ್ರೆ ಬೇರು ಕೊಳೆಯುತ್ತೆ."

ಅಜ್ಜಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಬೈಗುಳ ಬರುತ್ತದೆ ಎಂದು ನಾವೆಲ್ಲ ಕಾದೆವು. ಬರಲಿಲ್ಲ. ಸಣ್ಣ ದನಿಯಲ್ಲಿ ಹೇಳತೊಡಗಿದಳು.

"ಇಂಥದೇ ಹೊತ್ಕೊಂಡು ಇದೇ ಬೀದಿಗಳಲ್ಲಿ ತಿರುಗ್ತಿದ್ದೆ. ನಿಮಗೊಂದು ಲೋಟ ಕೊಟ್ರೆ ಒಂದು ಮನೆ ದಿನದ ಹಾಲಿನ ವರ್ತನೆ ತಪ್ಪೋದು. ಹಂಗಾಗಿ ಎಲ್ಲ ಹಾಕಿ ಬಂದು, ಕ್ಯಾನಿಗೆ ಒಂಚೂರು ನೀರು ಹಾಕಿ ಕುಲುಕಿ, ಆ ತೊಳೆದ ನೀರಲ್ಲಿ ನಿಮಗೆ ಕಾಫಿ ಕಾಯಿಸ್ತಿದ್ದೆ. ನೀನು ಕುಣೀತಿದ್ದೆ, 'ಅವ್ವ, ಇವತ್ತು ಹಾಲು ಜಾಸ್ತಿ ಹಾಕಿದೀಯ' ಅಂತ. ಹಾಲು ಮಾರೋಳ ಮಕ್ಕಳು ಹಾಲು ಕಾಣ್ಲಿಲ್ಲ. ಕೊಡೋ ಶಕ್ತಿ ಬಂದ ಮೇಲಾದ್ರೂ ಕೊಡೋಣ ಅಂತ ದಿನಾ ಕಳಿಸ್ತಿದ್ದೆ. ಈಗ ನೀನು ಬೇಡ ಅಂತೀಯ."

ಯಾರಿಗೂ ಸೋಲದ ನಮ್ಮತ್ತೆ ಅವ್ವನ ಪಕ್ಕ ಮೆಟ್ಟಿಲ ಮೇಲೆ ಕುಳಿತಳು. "ಆ ಕಾಫಿ ಚೆನ್ನಾಗಿತ್ತು ಕಣವ್ವ" ಎಂದಳು.

ಅಜ್ಜಿ ನೀರೂ ಕೇಳದೆ ಎದ್ದು ಹೊರಟಳು.

ಮರುದಿನ ಬೆಳಗ್ಗೆ ಅಡುಗೆಮನೆಯಿಂದ ಅಜ್ಜಿಯ ಕೂಗು. "ಪುಟ್ಟಿ, ಒಂದು ಕಾಯಿ ಒಡಿ ಬಾ!" ಒಡೆದೆ. ತುರಿಯಲು ಹೋದರೆ ಕೈ ತಳ್ಳಿದಳು. ತಾನೇ ತುರಿದಳು. ಮಿಕ್ಸಿ ಬೇಡವೆಂದಳು. ಬೆಚ್ಚನೆಯ ನೀರು ಹಾಕಿ, ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡತೊಡಗಿದಳು. ಮೊದಲ ಸಲ, ಎರಡನೇ ಸಲ, ಮೂರನೇ ಸಲ. ಬೆಲ್ಲ ಕರಗಿಸಿದಳು, ಏಲಕ್ಕಿ ಜಜ್ಜಿದಳು. ನಡುವೆ ತಲೆಯೆತ್ತಿ, "ಇದಕ್ಕೆ ಯಾವ ಕರುವೂ ಅಳಲ್ಲ ತಾನೇ?" ಎಂದು ಕೇಳಿದಳು.

"ಇಲ್ಲ ಅಜ್ಜಿ."

"ಹಂಗಾದ್ರೆ ತಗೊಂಡು ಹೋಗು. ಅವಳು ಕುಡಿಯೋ ತನಕ ಅಲ್ಲೇ ನಿಂತಿರು."

ಅತ್ತೆ ಗೇಟಿನಲ್ಲೇ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಮೂಸಿದಳು. "ಅವ್ವನೇ ಹಿಂಡಿದ್ದಾ?" ಎಂದಳು. ನಾನು ತಲೆಯಾಡಿಸುವುದರೊಳಗೆ ಡಬ್ಬಿಯನ್ನೇ ಬಾಯಿಗಿಟ್ಟು, ಉಸಿರು ತೆಗೆದುಕೊಳ್ಳದೆ, ಸೀರೆಯ ಮೇಲೆಲ್ಲ ಚೆಲ್ಲಿಕೊಂಡು, ಪೂರ್ತಿ ಕುಡಿದಳು. ಪಾಪ, ಹಿಂದೆ ನಿಂತಿದ್ದ ಮಾವ ಕೈಯಲ್ಲಿ ಖಾಲಿ ಲೋಟ ಹಿಡಿದೇ ಉಳಿದರು!

ನಾನು ಮನೆಗೆ ಮರಳಿದರೆ ಅಜ್ಜಿ ಒಗೆದ ಸೀರೆಯುಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಕುಡಿದ್ಲಾ?"

"ಕುಡಿದ್ಲು."

"ಹಂಗಾದ್ರೆ ನಡಿ, ಊಟಕ್ಕೆ ಹೊತ್ತಾಗುತ್ತೆ." ಆಗಿನ್ನೂ ಬೆಳಗಿನ ಒಂಬತ್ತು ಗಂಟೆ!

ಮಧ್ಯಾಹ್ನ ಅತ್ತೆಯ ಮನೆಯ ಟೇಬಲ್ಲಿನ ತುದಿಯ ಕುರ್ಚಿಯಲ್ಲಿ ಅಜ್ಜಿ ಕುಳಿತಳು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ. ನಾವು ಯಾರೂ ಉಣ್ಣಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದೆವು. ಅಜ್ಜಿ ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ನುಂಗಿದಳು. ಇನ್ನೊಂದು ತುತ್ತು. ಮತ್ತೊಂದು. ಆಮೇಲೆ ಮಗಳ ಮುಖ ನೋಡಿ, "ಉಪ್ಪು ಒಂಚೂರು ಕಮ್ಮಿ ಆಗಿದೆ ಕಣೇ" ಅಂದಳು.

"ಅಯ್ಯೋ, ತರ್ತೀನಿ ಇರವ್ವ" ಎಂದು ಅತ್ತೆ ಒಳಗೆ ಓಡಿದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅಜ್ಜಿಯೂ ಕರೆಯಲಿಲ್ಲ, ತಲೆ ತಗ್ಗಿಸಿ ಮುದ್ದೆ ನುಂಗುತ್ತಲೇ ಇದ್ದಳು. ಉಪ್ಪಿನ ಬಟ್ಟಲು ಅವಳ ತಟ್ಟೆಯ ಪಕ್ಕದಲ್ಲೇ ಇತ್ತು.