ಕ್ಯಾಮೆರಾ ಚೀಲದ ಉಪಸಮಿತಿ

ಓರುರೊ ಊರಿನ 'ಎತ್ತರದ ಬೆಳಕು' ಛಾಯಾಗ್ರಾಹಕರ ಸಂಘದ ನಿಯಮಾವಳಿಯಂತೆ, ಕ್ಯಾಮೆರಾ ಎಂದರೆ ಚೀಲದೊಳಗೆ ಇರುವ ವಸ್ತು. ಚೀಲದಿಂದ ಹೊರಗಿರುವ ಕ್ಯಾಮೆರಾವನ್ನು ಅಪಾಯದಲ್ಲಿರುವ ಕ್ಯಾಮೆರಾ ಎಂದು ಪರಿಗಣಿಸತಕ್ಕದ್ದು. ಈ ವಾಕ್ಯವನ್ನು ರಚಿಸಿದವನು ಸಂಘದ ಹಿರಿಯ ಸದಸ್ಯ ಸೆವೇರೊ ಚೋಕೆ. ಹೊಟ್ಟೆಪಾಡಿಗೆ ಅವನು ಕಟ್ಟುಹಲ್ಲು ಮಾಡುತ್ತಾನೆ. ಊರಿನ ಅರ್ಧಕ್ಕರ್ಧ ಮುದುಕರು ನಗುವುದು ಅವನು ಮಾಡಿಕೊಟ್ಟ ಹಲ್ಲಿನಿಂದ. ಆ ನಗುಗಳಲ್ಲಿ ಒಂದನ್ನಾದರೂ ಅವನು ಫೋಟೋ ತೆಗೆದದ್ದಿಲ್ಲ, ಯಾಕೆಂದರೆ ಫೋಟೋ ತೆಗೆಯಬೇಕಾದರೆ ಮೊದಲು ಒಂದು ಒಳ್ಳೆಯ ಚೀಲ ಬೇಕು.

ನಿಯಮ ಸುಮ್ಮನೆ ಹುಟ್ಟಲಿಲ್ಲ. ಕಾರ್ನಿವಾಲಿನ ದಿನಗಳಲ್ಲಿ ನಮ್ಮೂರಿನಲ್ಲಿ ಯಾರು ಯಾರ ಮೇಲೆ ಬೇಕಾದರೂ ನೀರಿನ ಬಲೂನು ಎಸೆಯಬಹುದು, ಡಬ್ಬಿಯ ನೊರೆ ಚಿಮ್ಮಿಸಬಹುದು, ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ. ಒಂದು ವರ್ಷ ಒಬ್ಬ ಅಜ್ಜಿ ಸಂಘದ ಅಧ್ಯಕ್ಷ ದೊನ್ ಕ್ಲೌದಿಯೊನ ಲೆನ್ಸಿಗೇ ಗುರಿಯಿಟ್ಟು ನೊರೆ ಹೊಡೆದಳು. ಅಂದಿನಿಂದ ಅವನು ತೆಗೆದ ಪ್ರತಿ ಫೋಟೋದಲ್ಲಿಯೂ ಎಲ್ಲರ ತಲೆಯ ಸುತ್ತ ಪ್ರಭಾವಳಿ ಕಾಣಿಸತೊಡಗಿತು. ಅವನು ಅವುಗಳಲ್ಲಿ ಕೆಲವನ್ನು ಚರ್ಚಿನ ಎದುರಿನ ಅಂಗಡಿಗೆ ಮಾರಿಕೊಂಡನೆಂಬುದು ಬೇರೆ ಮಾತು. ಸಂಘದ ಸಭೆಯಲ್ಲಿ ಸೆವೇರೊ ಎದ್ದು ನಿಂತು, ಯೋಗ್ಯ ಚೀಲವಿಲ್ಲದೆ ಯಾವ ಸದಸ್ಯನೂ ಕಾರ್ನಿವಾಲಿಗೆ ಕ್ಯಾಮೆರಾ ತರಕೂಡದು ಎಂದು ಕಂಪಿಸುವ ಧ್ವನಿಯಲ್ಲಿ ಮಂಡಿಸಿದ. ಚಪ್ಪಾಳೆ ಬಿತ್ತು. ಯೋಗ್ಯ ಚೀಲ ಯಾವುದು ಎಂದು ನಿರ್ಧರಿಸುವ ಉಪಸಮಿತಿಯೂ ಅಲ್ಲೇ ರಚನೆಯಾಯಿತು. ಚಪ್ಪಾಳೆಯ ಮತ್ತಿನಲ್ಲಿದ್ದ ಸೆವೇರೊ ಅದಕ್ಕೂ ತಲೆಯಾಡಿಸಿದ.

ಅದೇ ವರ್ಷ ಅವನ ಹೆಂಡತಿ ಬಾಸಿಲಿಯಾ ಊರ ಚರ್ಚಿನ ಗಣಿಯ ಮಾತೆಗೆ ಹರಕೆ ಹೊತ್ತಳು. ಮಗಳು ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದದ್ದಕ್ಕೆ ಮೂರು ಕಾರ್ನಿವಾಲು ಮೆರವಣಿಗೆಯಲ್ಲಿ ಮೊರೆನಾದಾ ಕುಣಿತ ಕುಣಿಯುತ್ತೇನೆಂದು ಹರಕೆ. ಮೂರು ಎಂದರೆ ಮೂರೇ. ಅದರಲ್ಲಿ ಚೌಕಾಸಿ ಇಲ್ಲ. ಅವಳ ತಾಯಿಯೂ ಹಿಂದೊಮ್ಮೆ ಹೀಗೆ ಮೂರು ವರ್ಷ ಕುಣಿದಿದ್ದಳು. ಆದರೆ ಫೋಟೋ ಇರಲಿಲ್ಲ. ತಾಯಿ ಸತ್ತ ಮೇಲೆ ಚಿಕ್ಕಮ್ಮ ದೋನ್ಯಾ ಪೆತ್ರೋನಾ ಕಂಡಕಂಡಲ್ಲಿ, "ನಿಮ್ಮಮ್ಮ ಎಲ್ಲಿ ಕುಣಿದ್ಲು? ರಸ್ತೆ ಪಕ್ಕ ಕೂತು ಎಂಪನಾದಾ ಕಡುಬು ಮಾರ್ತಿದ್ಲು," ಎನ್ನುತ್ತಿದ್ದಳು. ಬಾಸಿಲಿಯಾಗೆ ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳು.

"ನನಗೆ ಒಂದೇ ಒಂದು ಫೋಟೋ ಬೇಕು ಸೆವೇರೊ," ಎಂದಳು. "ನಾನು ಕುಣಿದೆ ಅಂತ ಗೋಡೆ ಮೇಲೆ ಇರಬೇಕು. ಬೇರೇನೂ ಬೇಡ."

"ಒಂದಲ್ಲ, ಮೂರು," ಎಂದ ಸೆವೇರೊ. ಆ ಹೊತ್ತಿನಲ್ಲಿ ಅವನು ನಿಜವಾಗಿಯೂ ಹಾಗೇ ಅಂದುಕೊಂಡಿದ್ದ.

ಮೊದಲ ವರ್ಷ ಉಪಸಮಿತಿ ಅಧ್ಯಯನದಲ್ಲಿ ತೊಡಗಿತ್ತು. ಪೇಟೆಯಿಂದ ತಂದ ಮಾದರಿ ಚೀಲಗಳನ್ನು ಸಂಘದ ಅಂಗಳದಲ್ಲಿ ಬಟ್ಟೆಯಂತೆ ನೇತುಹಾಕಿ ಸದಸ್ಯರು ನೀರಿನ ಬಲೂನು ಎಸೆದರು. ಒಳಗೆ ನೀರು ಹೋಯಿತೇ ಇಲ್ಲವೇ ಎಂದು ತಿಳಿಯಬೇಕಾದರೆ ಒಳಗೆ ಏನಾದರೂ ಇರಬೇಕಲ್ಲ? ತನ್ನ ಕ್ಯಾಮೆರಾ ಇಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಪ್ರತಿ ಚೀಲದಲ್ಲಿ ಒಂದೊಂದು ಬ್ರೆಡ್ ಇಡಲಾಯಿತು. ಪರೀಕ್ಷೆ ಮುಗಿದು ತೆರೆದು ನೋಡಿದಾಗ ಒಂದರಲ್ಲೂ ಬ್ರೆಡ್ ಇರಲಿಲ್ಲ. ಎಸೆದು ಎಸೆದು ಸದಸ್ಯರಿಗೆ ಹಸಿವಾಗಿತ್ತು. ಬ್ರೆಡ್ ಒದ್ದೆಯಾಗಿತ್ತೇ ಎಂದು ಕೇಳಿದ್ದಕ್ಕೆ ದೊನ್ ಕ್ಲೌದಿಯೊ, ತಾನು ಅದನ್ನು ಕಾಫಿಯಲ್ಲಿ ಅದ್ದಿ ತಿಂದದ್ದರಿಂದ ಖಚಿತವಾಗಿ ಹೇಳಲಾರೆ ಎಂದು ಹೇಳಿಕೆ ಕೊಟ್ಟ. ಫಲಿತಾಂಶವನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸಲಾಯಿತು.

ಬಾಸಿಲಿಯಾ ಕುಣಿದು, ಬೆವರಿ, ನೊರೆಯಲ್ಲಿ ಮಿಂದು ಮನೆಗೆ ಬಂದಳು.

"ಫೋಟೋ?"

"ಉಪಸಮಿತಿ ಇನ್ನೂ ವರದಿ ಕೊಟ್ಟಿಲ್ಲ."

"ಉಪಸಮಿತೀಲಿ ಯಾರ್ಯಾರಿದ್ದೀರಿ?"

"ನಾನು."

"ಇನ್ನು?"

"ಇನ್ನು... ಅದರ ಅಧ್ಯಕ್ಷ. ಅದೂ ನಾನೇ."

ಅವಳು ಹಣೆ ಹಣೆ ಬಡಿದುಕೊಂಡು ಶಿಲುಬೆಯ ಗುರುತು ಹಾಕಿದಳು. "ದಾರೀಲಿ ಹೋಗ್ತಿದ್ದ ಮಾರೀನ ಮನೆಗೆ ಕರ್ಕೊಂಡು ಬಂದೆಯಲ್ಲೋ!"

ಎರಡನೆಯ ವರ್ಷಕ್ಕೆ ಚೀಲ ಆಯ್ಕೆಯಾಯಿತು. ಕಾರ್ನಿವಾಲಿನ ನೂಕುನುಗ್ಗಲಿನಲ್ಲಿ ಜೇಬುಗಳ್ಳರು ಹೆಚ್ಚು. ಆದ್ದರಿಂದ ಬಾಯಿ ಬೆನ್ನಿಗೆ ತಾಗುವಂತಿರುವ, ಹೊತ್ತವನು ಕೆಳಗಿಳಿಸಿ ಮಲಗಿಸಿದ ಹೊರತು ತೆರೆಯಲಾಗದ ಚೀಲವೇ ಆಗಬೇಕೆಂದು ಸೆವೇರೊ ಶಿಫಾರಸು ಮಾಡಿದ. ಜೊತೆಗೆ, ನೊರೆ, ಬಿಯರು, ಮೂತ್ರ ಇವುಗಳಿಂದ ಕೂಡಿದ ರಸ್ತೆಯ ಮೇಲೆ ಸಂಘದ ಚೀಲವನ್ನು ಇಡಕೂಡದೆಂದೂ ಸೇರಿಸಿದ. ಎರಡೂ ಅಂಶಗಳು ಸರ್ವಾನುಮತದಿಂದ ಅಂಗೀಕಾರವಾದವು. ಪರಿಣಾಮವಾಗಿ ಆ ಚೀಲವನ್ನು ಕಳ್ಳನೂ ತೆರೆಯಲಾರ, ಮಾಲೀಕನೂ ತೆರೆಯಲಾರ. ಭದ್ರತೆ ಇದಕ್ಕಿಂತ ಮೇಲೆ ಹೋಗಲು ಸಾಧ್ಯವಿಲ್ಲ.

ಕುಣಿತದ ಶನಿವಾರ ಸೆವೇರೊ ಇಡೀ ಬೀದಿಯಲ್ಲಿ ಚೀಲ ಮಲಗಿಸಲು ಒಂದು ಮೊಳ ಶುದ್ಧ ಜಾಗ ಹುಡುಕುತ್ತ ಅಲೆದ. ಕೊನೆಗೆ ಒಬ್ಬ ಔಷಧಿ ಅಂಗಡಿಯವನು ಕೌಂಟರಿನ ಮೇಲೆ ಜಾಗ ಕೊಟ್ಟ. ಸೆವೇರೊ ಕೆಮ್ಮಿನ ಔಷಧಿ ಕೊಂಡು ಉಪಕಾರ ತೀರಿಸಿ, ಕ್ಯಾಮೆರಾ ತೆಗೆದು, ಲೆನ್ಸು ಒರೆಸಿ ಹೊರಗೆ ಓಡಿ ಬರುವಷ್ಟರಲ್ಲಿ ಬಾಸಿಲಿಯಾಳ ತಂಡ ದಾಟಿಹೋಗಿತ್ತು. ಹಿಂದೆ ಉಳಿದಿದ್ದದ್ದು ಕಸ ಗುಡಿಸುವ ಪುರಸಭೆಯ ಗಾಡಿ. ಅದರ ಫೋಟೋ ಚೆನ್ನಾಗಿಯೇ ಬಂತು.

ಇಷ್ಟೊಂದು ಯೋಚಿಸಿ ಆರಿಸಿದ ಚೀಲ ಕೈಕೊಟ್ಟದ್ದೇಕೆ? ಸಭೆ ಆಳವಾಗಿ ಚರ್ಚಿಸಿತು. ಆಯ್ಕೆ ತಪ್ಪಾಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಚೀಲಕ್ಕೆ ಚಾಲ್ಯಾ ಮಾಡಿಸಿರಲಿಲ್ಲ ಎಂಬುದು ಹೊಳೆಯಿತು. ಮನೆ, ಲಾರಿ, ಅಂಗಡಿ, ಹೊಲಿಗೆ ಯಂತ್ರ ಎಲ್ಲಕ್ಕೂ ಕಾರ್ನಿವಾಲಿನ ಮಂಗಳವಾರ ಬಣ್ಣದ ಕಾಗದ ಸುತ್ತಿ, ಬಿಯರು, ಮದ್ಯ ಚೆಲ್ಲಿ ಭೂತಾಯಿ ಪಾಚಮಾಮಾಗೆ ಒಪ್ಪಿಸುವವರು ನಾವು, ಚೀಲವನ್ನು ಮಾತ್ರ ಒಣಗಲು ಬಿಟ್ಟೆವಲ್ಲ! ತನ್ನ ಮೇಲೆ ಬರಬಹುದಾದ ದೂರು ತಾಯಿಯ ಮೇಲೆ ಹೋದದ್ದಕ್ಕೆ ಸೆವೇರೊನಿಗೆ ಎಷ್ಟು ಹಗುರವಾಯಿತೆಂದರೆ, ಹೊಸ ನಿಯಮವನ್ನು ಅವನೇ ಬರೆದುಕೊಟ್ಟ: ಮಂಗಳವಾರದ ಚಾಲ್ಯಾ ಆಗದ ಯಾವ ಚೀಲವನ್ನೂ ಬಳಸತಕ್ಕದ್ದಲ್ಲ.

ಮೂರನೆಯ ವರ್ಷದ ಹೊಸ ಚೀಲ ಇಕೀಕೆ ಬಂದರಿನಿಂದ ಬರಬೇಕಿತ್ತು. ಗಡಿಯಲ್ಲಿ ಲಾರಿಯವರ ಮುಷ್ಕರ. ಅದು ಊರು ತಲುಪಿದ್ದು ಕಾರ್ನಿವಾಲಿನ ಹಿಂದಿನ ದಿನ, ಶುಕ್ರವಾರ. ಪಕ್ಕದಲ್ಲಿ ಬಾಯಿ, ಎದೆಗೆ ಒಂದು ಬಕಲು, ಸೊಂಟಕ್ಕೆ ಒಂದು ಬಕಲು, ಮೇಲೊಂದು ಮಳೆಯಂಗಿ, ಜಿಪ್ಪಿಗೂ ಒಂದು ಮುಚ್ಚಳ. ಸೆವೇರೊ ಅದನ್ನು ಹೊತ್ತು ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದ. ಬಾಸಿಲಿಯಾ ಮಂಚದ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎರಡು ವರ್ಷದ ಕುಣಿತದಲ್ಲಿ ಅವಳ ಮಂಡಿ ಸವೆದಿತ್ತು.

"ಇದರೊಳಗೆ ನಾನೂ ಹಿಡಿಸ್ತೀನಿ. ನನ್ನನ್ನೇ ಹೊತ್ಕೊಂಡು ಹೋಗು, ಕುಣಿಯೋದು ತಪ್ಪುತ್ತೆ."

"ನಾಳೆ ನೋಡ್ತಿರು ನೀನು," ಎಂದ ಸೆವೇರೊ.

ಆಗಲೇ ಚೀಲ ನೋಡಲು ದೊನ್ ಕ್ಲೌದಿಯೊ ಬಂದ. ಮುಟ್ಟಿ, ತಟ್ಟಿ, ಮೂಸಿ ನೋಡಿ ಮೆಚ್ಚಿದ. ಆಮೇಲೆ, "ಮಂಗಳವಾರದಿಂದ ಬಳಸಬಹುದು," ಎಂದ.

"ದೊನ್ ಕ್ಲೌದಿಯೊ, ಕುಣಿತ ಶನಿವಾರ ಅಲ್ವಾ?"

"ಹೌದು ಮಾರಾಯ. ಕ್ಯಾಲೆಂಡರ್ ನಾನು ಬರೆದದ್ದಲ್ಲ. ನಿಯಮ ನೀನು ಬರೆದದ್ದು."

"ಇವತ್ತೇ ಎರಡು ಹನಿ ಚೆಲ್ಲಿಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಎರಡು ಹನೀನಾ? ಪಾಚಮಾಮಾ ಏನು ಗುಬ್ಬಚ್ಚೀನಾ? ಸಂಘದ ಬಿಯರಿಗೆ ದುಡ್ಡು ಮಂಜೂರಾಗಿರೋದು ಮಂಗಳವಾರಕ್ಕೆ. ಇವತ್ತೇ ಚಾಲ್ಯಾ ಮುಗಿದ್ರೆ ಮಂಗಳವಾರ ಯಾವ ಮುಖ ಇಟ್ಕೊಂಡು ಕುಡಿಯೋದು?"

ಬಾಸಿಲಿಯಾ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಗಣಿಯ ಮಾತೆಗೆ ಹೇಳಿ ನೋಡ್ಲಾ ದೊನ್ ಕ್ಲೌದಿಯೊ? ಮಂಗಳವಾರದ ತನಕ ತಡ್ಕೊಳ್ತಾಳೋ ಏನೋ."

"ನಿಮ್ಮ ಕಷ್ಟ ಅರ್ಥ ಆಗುತ್ತೆ ದೋನ್ಯಾ ಬಾಸಿಲಿಯಾ," ಎಂದು ಅಧ್ಯಕ್ಷ ಗಂಭೀರವಾಗಿ ಯೋಚಿಸಿ ರಾಜಿಸೂತ್ರ ಕೊಟ್ಟ. ಕ್ಯಾಮೆರಾವನ್ನು ಈಗಲೇ ಒಳಗಿಡಬಹುದು. ಶನಿವಾರ ಚೀಲವನ್ನು ಹೊರಬಹುದು. ತೆರೆಯಬಾರದು.

ಶನಿವಾರ ಬೀದಿಯಲ್ಲಿ ಸಂಘದ ಸದಸ್ಯರೆಲ್ಲ ಮುಚ್ಚಿದ ಚೀಲ ಹೊತ್ತು ಸಾಲಾಗಿ ನಿಂತಿದ್ದರು. ಒಬ್ಬರ ಪಟ್ಟಿ ಇನ್ನೊಬ್ಬರು ಎಳೆದು ನೋಡಿ ತಲೆದೂಗಿದರು. ಯಾರೋ ಸೆವೇರೊನ ಬೆನ್ನಿಗೆ ಒಂದು ಡಬ್ಬಿ ನೊರೆ ಖಾಲಿ ಮಾಡಿದರು. ನೊರೆ ಹೊಸ ಚೀಲದ ಮೇಲಿಂದ ಒಂದು ಚೂರೂ ಅಂಟದೆ ಜಾರಿ ಬಿತ್ತು. ಸದಸ್ಯರು ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಹಿತ್ತಾಳೆಯ ವಾದ್ಯಗಳು ಮೊಳಗಿ ಬಾಸಿಲಿಯಾಳ ತಂಡ ಬಂದದ್ದರಿಂದ ಚಪ್ಪಾಳೆ ತಮಗೇ ಎಂದುಕೊಂಡು ಹೆಂಗಸರು ಟೋಪಿ ಎತ್ತಿ ವಂದಿಸಿದರು. ಬಾಸಿಲಿಯಾ ಲಂಗದ ನೆರಿಗೆ ಬೀಸುತ್ತ ಸುತ್ತು ಹೊಡೆದಳು. ಮಂಡಿ ನೋವಿನ ಹೆಂಗಸು ಇವಳೇನಾ ಎನ್ನುವ ಹಾಗಿತ್ತು. ಸೆವೇರೊನಿಗೆ ಕಣ್ಣು ತುಂಬಿ ಬಂತು. ತಾನೊಬ್ಬ ಶುದ್ಧ ಪೆದ್ದ ಎಂದೂ ಅನ್ನಿಸಿತು. ಅವನು ಸಾಲು ಬಿಟ್ಟು ತಂಡದ ಪಕ್ಕದಲ್ಲೇ ಹೆಜ್ಜೆ ಹಾಕತೊಡಗಿದ.

ಮೆರವಣಿಗೆ ಮುಗಿಯುವುದು ಗಣಿಯ ಮಾತೆಯ ಚರ್ಚಿನಲ್ಲಿ. ಅಲ್ಲಿ ಕುಣಿತ ನಿಲ್ಲುತ್ತದೆ. ಟೋಪಿ ತೆಗೆದು, ಮಂಡಿಯೂರಿ, ಬಾಗಿಲಿನಿಂದ ಬಲಿಪೀಠದವರೆಗೆ ಹಾಗೇ ತೆವಳಿಕೊಂಡು ಹೋಗಬೇಕು. ಬಾಸಿಲಿಯಾ ಹೊಸ್ತಿಲಲ್ಲಿ ಮಂಡಿಯೂರಿದಳು. ಹಲ್ಲು ಕಚ್ಚಿದ್ದಳು. ಸೆವೇರೊ ಪಕ್ಕದಲ್ಲಿರುವುದನ್ನು ಕಂಡು ಮೆಲ್ಲಗೆ ಹೇಳಿದಳು:

"ಈಗ ತೆಗಿ ಮಾರಾಯ. ಇನ್ನು ನನ್ನ ಕೈಲಿ ಆಗಲ್ಲ. ಇದೇ ಕೊನೆ."

ಸೆವೇರೊ ಸುತ್ತ ನೋಡಿದ. ಹಿಂದೆ ದೊನ್ ಕ್ಲೌದಿಯೊ ಕುತ್ತಿಗೆ ಉದ್ದ ಮಾಡಿ ನಿಂತಿದ್ದ. ಮೂರು ವರ್ಷದಲ್ಲಿ ಮೊದಲ ಸಲ ಸೆವೇರೊನಿಗೆ ನಿಯಮ ಹಾಳಾಗಿ ಹೋಗಲಿ ಅನ್ನಿಸಿತು. ಎದೆಯ ಬಕಲಿಗೆ ಕೈ ಹಾಕಿದ. ಅದು ಬಿಚ್ಚಿತು. ಸೊಂಟದ ಬಕಲು ಹೊಸದಾದ್ದರಿಂದ ಬಿಗಿಯಾಗಿತ್ತು, ಅದೂ ಬಿಚ್ಚಿತು. ಚೀಲವನ್ನು ಮುಂದಕ್ಕೆ ತರಲು ಅವನು ಗಿರಕ್ಕನೆ ತಿರುಗಿದ. ಮಳೆಯಂಗಿಯ ದಾರ ಎಳೆದ. ಜಿಪ್ಪಿನ ಮುಚ್ಚಳ ಹುಡುಕಿದ, ಸಿಕ್ಕಿತು, ಆದರೆ ಜಿಪ್ಪು ಇದ್ದದ್ದು ಇನ್ನೊಂದು ಪಕ್ಕದಲ್ಲಿ. ಕೊನೆಗೂ ಬೆರಳಿಗೆ ಜಿಪ್ಪು ಸಿಕ್ಕಿ ಅವನು ತಲೆಯೆತ್ತಿದಾಗ, ಹೊಸ್ತಿಲ ಮೇಲೆ ಬೇರೆ ಯಾರೋ ಮಂಡಿಯೂರಿದ್ದರು. ಬಾಸಿಲಿಯಾ ಒಳಗಿನ ಕತ್ತಲೆಯಲ್ಲಿ ಬಲಿಪೀಠ ಮುಟ್ಟಿದ್ದಳು.

ಹೊರಗೆ ಬಂದಮೇಲೆ ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

"ನಾನು ಕುಣಿದದ್ದು ಮಾತೆಗೆ ಗೊತ್ತು ಬಿಡು," ಎಂದಳು. "ಚಿಕ್ಕಮ್ಮನಿಗೆ ಗೊತ್ತಾಗಬೇಕಿತ್ತು."

ಮಂಗಳವಾರ ಚಾಲ್ಯಾಕ್ಕೆ ಮೊದಲು ವಿಚಾರಣೆ ನಡೆಯಿತು. ಸದಸ್ಯ ಸೆವೇರೊ ಚೋಕೆ ಶನಿವಾರ ಚರ್ಚಿನ ಬಾಗಿಲಲ್ಲಿ ಸದರಿ ಚೀಲವನ್ನು ತೆರೆದನೆಂಬುದು ಆರೋಪ. ಅವನ ಮಗಳ ಧರ್ಮತಾಯಿ ಸೆನೋಬಿಯಾ ಸಾಕ್ಷಿಯಾಗಿ ಬಂದು ತನ್ನ ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಬಾಸಿಲಿಯಾ ಮಂಡಿಯೂರಿದ ಗಳಿಗೆಯಲ್ಲಿ ತೆಗೆದದ್ದಂತೆ. ಫೋನು ಜೇಬಿನ ವಸ್ತುವಾದ್ದರಿಂದ ಅದಕ್ಕೆ ಚೀಲದ ನಿಯಮ ಅನ್ವಯಿಸುವುದಿಲ್ಲ. ಅದೇ ಗಳಿಗೆಯಲ್ಲಿ ಸೆವೇರೊ ಗಿರಕ್ಕನೆ ತಿರುಗಿದ್ದರಿಂದ ಫೋಟೋದ ತುಂಬ ಚೀಲವೇ ಚೀಲ. ಒಂದೊಂದು ಹೊಲಿಗೆಯೂ ಎಣಿಸುವಂತಿತ್ತು. ಜಿಪ್ಪು ಮುಚ್ಚಿಯೇ ಇತ್ತು. ಆರೋಪ ಬಿದ್ದುಹೋಯಿತು. ಅಷ್ಟೇ ಅಲ್ಲ, ನಮ್ಮ ಸಂಘದ ಇತಿಹಾಸದಲ್ಲಿ ಇಷ್ಟು ಒಳ್ಳೆಯ ಚೀಲದ ಚಿತ್ರ ಬಂದಿಲ್ಲವೆಂದು ಎಲ್ಲರೂ ಒಪ್ಪಿದ್ದರಿಂದ, ಅದಕ್ಕೆ ವರ್ಷದ ಮೊದಲ ಬಹುಮಾನ ಘೋಷಿಸಲಾಯಿತು. ಸೆನೋಬಿಯಾ ಸದಸ್ಯೆಯಲ್ಲವಾದ್ದರಿಂದ ಬಹುಮಾನವನ್ನು ಚೀಲ ಹೊತ್ತವನಿಗೆ ಕೊಡಲಾಯಿತು.

ಅನಂತರ ಚಾಲ್ಯಾ. ಹೊರಗೆ ಚೆಲ್ಲಿದರೆ ಸಾಲದು, ಒಳಗೂ ಚೆಲ್ಲಬೇಕು ಎಂದು ದೊನ್ ಕ್ಲೌದಿಯೊ ಚೀಲ ತೆರೆಸಿ ಬಿಯರು ಸುರಿದ. ಒಳಗೆ ಶುಕ್ರವಾರದಿಂದ ಕ್ಯಾಮೆರಾ ಇತ್ತು. ನೀರನ್ನು ಒಳಗೆ ಬಿಡದ ಚೀಲ ಬಿಯರನ್ನು ಹೊರಗೆ ಬಿಡಲೂ ಇಲ್ಲ. ಒಂದು ಹನಿ ಸೋರಲಿಲ್ಲ. ಚೀಲ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಉಪಸಮಿತಿ ವರದಿ ಮಾಡಿತು. ಕ್ಯಾಮೆರಾ ಚೀಲದೊಳಗೇ ಕೆಟ್ಟದ್ದರಿಂದ ಅದು ಅಪಾಯದಲ್ಲಿತ್ತೆಂದು ಹೇಳಲು ಬರುವುದಿಲ್ಲ ಎಂದೂ ಸೇರಿಸಿತು. ವರದಿಗೆ ಸೆವೇರೊ ಸಹಿ ಹಾಕಿದ.

ಬಹುಮಾನಿತ ಚಿತ್ರವನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ಅವನೇ ಮನೆಗೆ ತಂದ. ಬಾಸಿಲಿಯಾ ಬಹಳ ಹೊತ್ತು ನೋಡಿದಳು. ಚೀಲದ ಕೆಳಗಿನ ಮೂಲೆಯಲ್ಲಿ, ಪಟ್ಟಿಯ ಆಚೆ, ಮಂಡಿಯೂರಿದ ಹೆಂಗಸೊಬ್ಬಳ ಬೂಟಿನ ಅಡಿ ಕಾಣುತ್ತಿತ್ತು. ಅವಳೇ ಮೊಳೆ ಹೊಡೆದು ಅದನ್ನು ಗೋಡೆಗೆ ಹಾಕಿದಳು.

ಮುಂದಿನ ಭಾನುವಾರ ಚಿಕ್ಕಮ್ಮ ಪೆತ್ರೋನಾ ಬಂದಳು. ಸೆವೇರೊ ಮಾಡಿಕೊಟ್ಟ ಹಲ್ಲಿನಿಂದ ಬಿಸ್ಕತ್ತು ಕಡಿಯುತ್ತ ಗೋಡೆಯ ಮುಂದೆ ನಿಂತಳು.

"ಇದರಲ್ಲಿ ನೀನೆಲ್ಲೇ?"

ಬಾಸಿಲಿಯಾ ಬೂಟಿನ ಮೇಲೆ ಬೆರಳಿಟ್ಟಳು. "ಇದು ನಾನು, ಚಿಕ್ಕಮ್ಮ. ಮೂರನೇ ವರ್ಷ."

ಚಿಕ್ಕಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಬೂಟು ನೋಡಿದಳು, ಚೀಲ ನೋಡಿದಳು, ಮತ್ತೆ ಬೂಟು ನೋಡಿದಳು.

"ಹೌದು ಕಣೇ, ನೀನೇ," ಎಂದಳು ಕೊನೆಗೆ. "ಕುಣಿದಿದ್ದೀಯ, ಇಲ್ಲ ಅನ್ನಲ್ಲ. ಚೀಲ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

"ಇಕೀಕೆಯಿಂದ ತರಿಸಿದ್ದು," ಎಂದಳು ಬಾಸಿಲಿಯಾ. "ಒಂದು ತೊಟ್ಟು ನೀರು ಒಳಗೆ ಹೋಗಲ್ಲ."