ಒಂದೇ ಒಂದು ದೂರು

ಎಲ್ಲ ರಗಳೆಗೂ ಕಾರಣ ಎರಡು ದಾಳ. ಒಂದೊಂದೂ ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದು. ಅವೆರಡೂ ಒಂದು ಪೆಟ್ಟಿಗೆಯೊಳಗೆ ಇರಬೇಕಾಗಿತ್ತು, ಇರಲಿಲ್ಲ.

ಪೆಟ್ಟಿಗೆ 'ಮಹಾಬಂದರು' ಎಂಬ ಆಟದ್ದು. ನಾನೂರ ಹನ್ನೆರಡು ಬಿಡಿ ಸಾಮಾನು, ಅರವತ್ನಾಲ್ಕು ಪುಟದ ನಿಯಮದ ಪುಸ್ತಕ, ನಾಲ್ಕು ಮಡಿಕೆಯ ರಟ್ಟಿನ ಸಮುದ್ರ. ಆಟದ ಕಾರ್ಖಾನೆಯಲ್ಲಿ ಇಷ್ಟನ್ನೆಲ್ಲ ಎಣಿಸುತ್ತ ಕೂತರೆ ದಿನಕ್ಕೆ ಹತ್ತು ಪೆಟ್ಟಿಗೆ ಹೊರಬೀಳುವುದೂ ಕಷ್ಟ. ಆದ್ದರಿಂದ ಕೊನೆಯ ಮೇಜಿನಲ್ಲಿ ಪೆಟ್ಟಿಗೆಯನ್ನು ತೂಗುತ್ತಿದ್ದರು. ತೂಕ ಸರಿಯಿದ್ದರೆ ಒಳಗಿರುವುದೂ ಸರಿಯಿದೆ ಎಂದರ್ಥ. ಹಾಗೆ ತೂಗಿ, ತನ್ನ ನಂಬರಿನ ಚೀಟಿ ಅಂಟಿಸಿ ಮುಂದೆ ತಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ತಕ್ಕಡಿ. ಹನ್ನೊಂದು ವರ್ಷದಿಂದ ಅವನಿಗೆ ಅದೊಂದೇ ಕೆಲಸ. ಬೇರೆ ಕೆಲಸ ಗೊತ್ತೂ ಇರಲಿಲ್ಲ.

ಅಂದು ಬೆಳಿಗ್ಗೆ ಮ್ಯಾನೇಜರು ಅವನನ್ನು ಕರೆದು ಒಂದು ಕಾಗದವನ್ನು ಮುಖದ ಮುಂದೆ ಹಿಡಿದರು. ಸತ್ತ ಇಲಿಯನ್ನು ಬಾಲ ಹಿಡಿದು ತೋರಿಸುವ ಹಾಗೆ.

"ಓದಯ್ಯಾ."

ತಕ್ಕಡಿ ಓದಿದ. 'ಸ್ವಾಮಿ, ನಿಮ್ಮ ಪೆಟ್ಟಿಗೆಯಲ್ಲಿ ಎಲ್ಲವೂ ಇದೆ, ದಾಳ ಮಾತ್ರ ಇಲ್ಲ. ಕತ್ತರಿ ಇಲ್ಲದೆ ಕ್ಷೌರಕ್ಕೆ ಕೂರಿಸಿದ ಹಾಗಾಯಿತು. ಬೇಗ ಕಳಿಸಿ. ನನಗೆ ಹೆಚ್ಚು ಸಮಯವಿಲ್ಲ.' ಕೆಳಗೆ ಒಬ್ಬ ಕ್ಷೌರದಂಗಡಿಯವನ ಸಹಿ, ವಿಳಾಸ. ಜೊತೆಗೆ ತಕ್ಕಡಿಯ ನಂಬರಿನ ಚೀಟಿ.

"ತೂಕ ಸರಿ ಇತ್ತು ಸಾರ್."

"ತೂಕ ತಗೊಂಡು ಆಟ ಆಡ್ತಾರೇನಯ್ಯ? ಸಂಜೆ ಐದಕ್ಕೆ ಯಜಮಾನರು ಬರ್ತಿದಾರೆ. ಅಷ್ಟರಲ್ಲಿ ಈ ಕಾಗದದ ಮೇಲೆ ಅಡ್ಡ ಗೆರೆ ಎಳೆಸಿ, 'ನಮ್ಮ ದೂರು ವಾಪಸ್' ಅಂತ ಅವರ ಕೈಲೇ ಬರೆಸ್ಕೊಂಡು ಬಾ. ಇಲ್ಲಾಂದ್ರೆ ನಾಳೆಯಿಂದ ಬರೋ ತೊಂದ್ರೆ ತಗೋಬೇಡ."

ಮನೆಯಲ್ಲಿ ಹೆಂಡತಿಗೆ ಕಣ್ಣಿನ ಆಪರೇಷನ್ ಆಗಿ ಎರಡು ವಾರವಾಗಿತ್ತು. ಇನ್ನೊಂದು ಕಣ್ಣು ಬಾಕಿಯಿತ್ತು. ಕೆಲಸವಿದ್ದರೆ ಅದೂ ಆಗುತ್ತಿತ್ತು. ತಕ್ಕಡಿ ವಾದ ಮಾಡಲಿಲ್ಲ. ದಾಳದ ಉಗ್ರಾಣಕ್ಕೆ ಹೋದರೆ ಬೀಗ, ಕೀಲಿಯವನು ರಜೆ. ಕೊನೆಗೆ ಆಫೀಸಿನ ಗಾಜಿನ ಬೀರುವಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹಳೆಯ ಪೆಟ್ಟಿಗೆಯಿಂದ ಎರಡು ದಾಳ ತೆಗೆದು ಜೇಬಿಗೆ ಹಾಕಿಕೊಂಡು ಹೊರಟ.

ಕ್ಷೌರದಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮೆಟ್ಟಿಲ ಮೇಲೆ ಟೋಪಿ ಹಾಕಿದ ಒಬ್ಬರು ಕೂತಿದ್ದರು. ಪಕ್ಕದ ಮನೆಯ ಬಸ್ ಕಂಡಕ್ಟರು.

"ಅಂಗಡಿ ಯಜಮಾನರು ಇದಾರಾ?"

ಕಂಡಕ್ಟರು ಟೋಪಿ ತೆಗೆದರು. ತಲೆಯ ಬಲಭಾಗ ಒಪ್ಪವಾಗಿ ಕತ್ತರಿಸಿತ್ತು. ಎಡಭಾಗ ಯಾರೂ ಕಾಲಿಡದ ಕುರುಚಲು ಕಾಡು.

"ಇಷ್ಟು ಮಾಡಿ ಹೋದ್ರು."

"ಎಲ್ಲಿಗೆ?"

"ಎಲ್ಲರೂ ಎಲ್ಲಿಗೆ ಹೋಗ್ತಾರೋ ಅಲ್ಲಿಗೆ. ಕತ್ತರಿ ಕೆಳಗಿಟ್ಟು 'ಒಂದ್ನಿಮಿಷ' ಅಂದ್ರು. ಹತ್ತು ದಿನ ಆಯ್ತು."

ತಕ್ಕಡಿಗೆ ಮೆಟ್ಟಿಲ ಮೇಲೆ ತಾನೂ ಕೂರಬೇಕೆನಿಸಿತು. ದೂರು ಕೊಟ್ಟವನೇ ಇಲ್ಲದ ಮೇಲೆ ಅದನ್ನು ವಾಪಸು ಪಡೆಯುವವರು ಯಾರು? ಆದರೂ, "ಬೇರೆ ಅಂಗಡಿಗೆ ಹೋಗಬಾರದಾ?" ಎಂದು ಕೇಳಿದ.

"ಒಬ್ಬ ಅರ್ಧ ಮಾಡಿದ ತಲೇನ ಇನ್ನೊಬ್ಬ ಮುಟ್ಟಲ್ಲಪ್ಪ, ಅದು ಅವರ ಕಸುಬಿನ ಮರ್ಯಾದೆ. ಮುಗಿಸಿದ್ರೆ ಇವರ ಮಕ್ಕಳೇ ಮುಗಿಸಬೇಕು. ಮಕ್ಕಳು ಇಬ್ಬರು, ಕುರ್ಚಿ ಒಂದು. ನನ್ನ ತಲೆ ಯಾರು ಮುಗಿಸ್ತಾರೋ ಕುರ್ಚಿ ಅವರದಾಗುತ್ತೆ. ದೊಡ್ಡೋನು ಕತ್ತರಿ ಎತ್ತಿದ್ರೆ ಚಿಕ್ಕೋನು ಕೈ ಹಿಡೀತಾನೆ. ಚಿಕ್ಕೋನು ಬಾಚಣಿಗೆ ಮುಟ್ಟಿದ್ರೆ ದೊಡ್ಡೋನು ಕಾಲರ್ ಹಿಡೀತಾನೆ. ಮಧ್ಯದಲ್ಲಿ ನನ್ನ ಡ್ಯೂಟಿ ಹೋಯ್ತು. ಈ ತಲೇಲಿ ಟಿಕೆಟ್ ಕೇಳಿದ್ರೆ ಯಾರು ಕೊಡ್ತಾರೆ? ಅಂದ ಹಾಗೆ ನೀವ್ಯಾರು?"

"ದಾಳ ತಂದಿದೀನಿ."

ಕಂಡಕ್ಟರು ಎದ್ದು ನಿಂತು, ಬಸ್ಸು ನಿಲ್ಲಿಸುವ ಗಂಟಲಲ್ಲಿ ಕೂಗಿದರು: "ಅಮ್ಮಾ! ದಾಳ ಬಂತು!"

ಒಳಗಿನಿಂದ ನಾಲ್ಕು ಕೈ ಬಂದು ತಕ್ಕಡಿಯನ್ನು ಎಳೆದುಕೊಂಡವು. ಎರಡು ಹಿರಿಯ ಮಗನದು, ಎರಡು ಕಿರಿಯನದು. ಕನ್ನಡಿಯ ಕೆಳಗಿನ ಬೆಂಚಿನ ಮೇಲೆ ಸತ್ತವನ ಹೆಂಡತಿ ಕೂತಿದ್ದಳು. ಅತ್ತು ಮುಗಿಸಿ, ಈಗ ಸುಸ್ತು ಮಾತ್ರ ಉಳಿದಿದ್ದ ಮುಖ.

"ಇವರಪ್ಪಂಗೆ ಎದೆನೋವು ಬಂದಾಗಲೇ ಗೊತ್ತಾಗಿತ್ತು," ಎಂದಳು ಆಕೆ. "ಬಾಯಲ್ಲಿ ಹೇಳಿದ್ರೆ ಇವರಿಬ್ಬರೂ ಕೇಳಲ್ಲ. ಅದಕ್ಕೇ ಈ ಆಟ ತಂದ್ರು. ಆಡಿ, ಗೆದ್ದೋನು ಕುರ್ಚಿ ಮೇಲೆ ಕೈ ಇಡಲಿ ಅಂದ್ರು. ನೋಡಿದ್ರೆ ದಾಳ ಇಲ್ಲ. ದಾಳಕ್ಕೆ ಬರೆದು ಕಾದ್ರು. ದಾಳ ಬರೋದಕ್ಕಿಂತ ಮುಂಚೆ ಸಾವೇ ಬಂತು."

ತಕ್ಕಡಿ ಮೆಲ್ಲಗೆ ಕಾಗದ ತೆಗೆದ. "ಅಮ್ಮಾ, ದಾಳ ಈಗ ಬಂತಲ್ಲ, ಇಲ್ಲೊಂದು ಸಹಿ..."

"ಆಟ ಮುಗೀಲಿ. ಅವರು ಕೈಯಾರೆ ಬರೆದ ಕೊನೇ ಕಾಗದ ಅದು. ಸುಮ್ಮನೆ ಹೊಡೆದು ಹಾಕೋಕಾಗುತ್ತಾ? ನೀವೇ ಕೂತು ಆಡಿಸಿ."

"ನನಗೆ ಆಡೋಕೆ ಬರಲ್ಲಮ್ಮ. ನಾನು ತೂಕ ಮಾತ್ರ ನೋಡೋದು."

"ಬಸ್ ಓಡ್ಸೋಕೆ ಬರ್ದೆ ಇದ್ರೂ ನಾನು ಮೂವತ್ತು ವರ್ಷದಿಂದ ಬಸ್ಸಲ್ಲೇ ಇಲ್ವಾ? ಕೂತ್ಕೊಳ್ರೀ," ಎಂದರು ಕಂಡಕ್ಟರು.

ಗಂಟೆ ಹನ್ನೊಂದೂವರೆ. ತಕ್ಕಡಿ ನಿಯಮದ ಪುಸ್ತಕ ತೆರೆದ. ಮೂವತ್ತೊಂದನೇ ಪುಟದಲ್ಲಿ ಒಂದು ಕನ್ನಡಕ ಸಿಕ್ಕಿತು.

"ಅಲ್ಲೀವರೆಗೂ ಓದಿದ್ರು," ಎಂದಳು ತಾಯಿ. "ಆಮೇಲೆ ಈ ಕಂಡಕ್ಟರಣ್ಣ ಬಂದ್ರು. ಕನ್ನಡಕ ಗುರ್ತಿಗಿಟ್ಟು ಎದ್ದು ಹೋದ್ರು."

ಕಂಡಕ್ಟರು ತಪ್ಪು ತಮ್ಮದೇ ಎನ್ನುವಂತೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು.

ಮೊದಲು ಸಮುದ್ರ ಹಾಸಿದರು. ರಟ್ಟು ತೆಳ್ಳಗಿತ್ತು, ನಾಲ್ಕೂ ಮೂಲೆ ಒಣಗಿದೆಲೆಯಂತೆ ಮುರುಟಿ ಮೇಲೆದ್ದಿತು. ಒಂದು ಮೂಲೆಗೆ ಸಾಬೂನಿನ ಬಟ್ಟಲು, ಇನ್ನೊಂದಕ್ಕೆ ಪೌಡರ್ ಡಬ್ಬಿ, ಉಳಿದೆರಡಕ್ಕೆ ಕತ್ತರಿಗಳನ್ನು ಹೇರಿದರು. ಹಡಗುಗಳನ್ನು ರಟ್ಟಿನಿಂದ ಬಿಡಿಸುವಾಗ ಆರು ಹಡಗಿನ ಪಟ ಕಿತ್ತುಬಂತು. ಕಿರಿಯವನು ಸೀನಿದ್ದಕ್ಕೆ ಒಂದು ನೌಕಾಪಡೆಯೇ ಬೆಂಚಿನ ಕೆಳಗೆ ಹೋಯಿತು. ಹಿರಿಯವನು ಹುಡುಕಲು ಬಗ್ಗಿ, ನೆಲದ ಮೇಲಿದ್ದ ಕೂದಲಿನ ಸಮೇತ ಎತ್ತಿ ತಂದ.

"ಹಿಂದೆ ಇದ್ದಿಲಲ್ಲಿ ನೆಲದ ಮೇಲೆ ನಾಲ್ಕು ಗೆರೆ ಎಳೀತಿದ್ವಿ, ನಾಲ್ಕು ಬೆಣಚುಕಲ್ಲು," ಎಂದರು ಕಂಡಕ್ಟರು. "ಕಲಿಯೋಕೆ ಒಂದು ನಿಮಿಷ, ಜಗಳಕ್ಕೆ ಇಡೀ ಮಧ್ಯಾಹ್ನ. ಇದು ಉಲ್ಟಾ. ಕಲಿಯೋಕೇ ಇಡೀ ಮಧ್ಯಾಹ್ನ ಹೋದ್ರೆ ಜಗಳ ಯಾವಾಗ ಆಡೋದು?"

"ಪೆಟ್ಟಿಗೆ ಮೇಲೆ ಚಿತ್ರ ಮಾತ್ರ ಭರ್ಜರಿ," ಎಂದ ಹಿರಿಯವನು. "ಸತ್ತೋನಿಗೆ ಶೇವಿಂಗ್ ಮಾಡಿದ ಹಾಗೆ."

"ಲೋ, ಅಪ್ಪ ಇದ್ದಿದ್ರೆ ಈ ಮಾತು ಆಡ್ತಿದ್ದೇನೋ?" ಎಂದ ಕಿರಿಯವನು.

"ಅಪ್ಪ ಇದ್ದಿದ್ರೆ ನಾನು ಈ ಆಟ ಆಡ್ತಿದ್ನೇನೋ?"

ತಕ್ಕಡಿ ಗಡಿಯಾರ ನೋಡಿದ. ಒಂದೂಕಾಲು. ಆಟ ಇನ್ನೂ ಶುರುವಾಗಿರಲಿಲ್ಲ.

ಕೊನೆಗೂ ದಾಳ ಉರುಳಿತು. ದಾಳ ಹಾಕಿದ ಪ್ರತಿ ಸಲವೂ ತಕ್ಕಡಿ ಪುಸ್ತಕ ನೋಡಬೇಕು. ಐದು ಬಿದ್ದರೆ ಹಡಗಿಗೆ ಮೆಣಸು ತುಂಬಬೇಕು. ಆದರೆ ಗಾಳಿಯ ಚೀಟಿ ಇದ್ದರೆ ಮಾತ್ರ. ಗಾಳಿಯ ಚೀಟಿ ಬೇಕಾದರೆ ದೀಪಸ್ತಂಭ ಬೇಕು. ದೀಪಸ್ತಂಭದ ವಿಷಯ ನಲವತ್ತನೇ ಪುಟದಲ್ಲಿ, ಅಲ್ಲಿ 'ಹನ್ನೆರಡನೇ ಪುಟ ನೋಡಿ' ಎಂದಿತ್ತು. ಹನ್ನೆರಡನೇ ಪುಟದಲ್ಲಿ ದೀಪಸ್ತಂಭದ ಚಿತ್ರ ಮಾತ್ರ ಇತ್ತು.

ಆದರೂ ಅಣ್ಣತಮ್ಮಂದಿರು ಹಲ್ಲು ಕಚ್ಚಿ ಆಡಿದರು. ಕುರ್ಚಿ ಕಣ್ಣೆದುರೇ ಇತ್ತು. ಮೂರು ಗಂಟೆಯ ಹೊತ್ತಿಗೆ ಹಿರಿಯವನ ಬಳಿ ಒಂಬತ್ತು ಹಡಗು, ಕಿರಿಯವನ ಬಳಿ ಎಂಟು ಹಡಗು ಮತ್ತು ಒಂದು ದ್ವೀಪ. ಇಬ್ಬರ ಕಣ್ಣಲ್ಲೂ ಕತ್ತರಿಯ ಹೊಳಪು. ಆಗ ಬಿರುಗಾಳಿಯ ಚೀಟಿ ಬಂತು. ಹದಿನೇಳು ಹಡಗೂ ಮುಳುಗಿದವು.

"ಈಗ ಯಾರು ಗೆದ್ದಿದ್ದು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

ತಕ್ಕಡಿ ಐವತ್ತೆಂಟನೇ ಪುಟ ಓದಿದ. ಇನ್ನೊಮ್ಮೆ ಓದಿದ.

"ಜೋರಾಗಿ ಓದ್ರೀ," ಎಂದರು ಕಂಡಕ್ಟರು.

"'ಈ ಆಟದಲ್ಲಿ ಆಟಗಾರರು ಪರಸ್ಪರ ಎದುರಾಳಿಗಳಲ್ಲ. ಎಲ್ಲರೂ ಸೇರಿ ಸಮುದ್ರವನ್ನು ಗೆಲ್ಲುತ್ತಾರೆ, ಇಲ್ಲವೇ ಎಲ್ಲರೂ ಸೇರಿ ಸೋಲುತ್ತಾರೆ.'"

ಹಿರಿಯವನು ಪುಸ್ತಕ ಕಿತ್ತುಕೊಂಡು ತಾನೇ ಓದಿದ.

"ಅಂದ್ರೆ ನಾನು ಇವನ ಜೊತೆ ಸೇರ್ಕೊಂಡಿದ್ನಾ? ಇಷ್ಟೊತ್ತೂ?" ಎಂದ ಹಿರಿಯವನು.

"ಇದೆಂಥ ಆಟ ರೀ?" ಕಿರಿಯವನು ತಕ್ಕಡಿಯ ಕಾಲರ್ ಹಿಡಿದ. ಹತ್ತು ದಿನದಲ್ಲಿ ಅಣ್ಣತಮ್ಮಂದಿರು ಒಗ್ಗಟ್ಟಾಗಿ ಮಾಡಿದ ಮೊದಲ ಕೆಲಸವೆಂದರೆ ಅವನನ್ನು ಗೋಡೆಗೆ ಒತ್ತಿದ್ದು. ಆಟ ಬರೆದವನು ಕಂಡಿದ್ದರೆ ತನ್ನ ಉದ್ದೇಶ ಸಾರ್ಥಕವಾಯಿತು ಎನ್ನುತ್ತಿದ್ದನೇನೋ.

"ಬಿಡ್ರೋ ಅವರನ್ನ," ಎಂದಳು ತಾಯಿ. ಎದ್ದು ಬಂದು ಸಮುದ್ರವನ್ನು ಮಡಚಿ ಪಕ್ಕಕ್ಕಿಟ್ಟಳು. ದಾಳ ಎರಡನ್ನೂ ಅಂಗೈಗೆ ತೆಗೆದುಕೊಂಡಳು. "ಇಷ್ಟು ಸಾಕು. ಒಂದೊಂದ್ಸಲ ಎಸೀರಿ. ಜಾಸ್ತಿ ಬಿದ್ದೋರಿಗೆ ಕುರ್ಚಿ. ಇನ್ನು ಮಾತಿಲ್ಲ."

ಹಿರಿಯವನು ಎಸೆದ: ಏಳು. ಕಿರಿಯವನು ಎಸೆದ: ಅದೂ ಏಳು. ಇಬ್ಬರೂ ಮತ್ತೆ ಕೈ ಚಾಚಿದರು. ತಾಯಿ ಕೊಡಲಿಲ್ಲ. ತಾನೇ ಎಸೆದಳು: ಹನ್ನೊಂದು.

"ನೀನ್ಯಾಕಮ್ಮ ಎಸೆದೆ?"

"ಜಾಸ್ತಿ ಬಿದ್ದೋರಿಗೆ ಅಂದೆ. ಗಂಡುಮಕ್ಕಳಿಗೆ ಅಂದ್ನಾ?" ಆಕೆ ಸಮುದ್ರದ ಮೂಲೆಗೆ ಹೇರಿದ್ದ ಕತ್ತರಿಯನ್ನು ಎತ್ತಿಕೊಂಡಳು. "ಯಾವ ಕ್ಷೌರದವನೂ ತನ್ನ ತಲೆ ತಾನೇ ಕತ್ತರಿಸ್ಕೊಳ್ಳಲ್ಲ ಕಣ್ರೋ. ಮೂವತ್ತೆರಡು ವರ್ಷ ನಿಮ್ಮಪ್ಪನ ತಲೆ ಯಾರು ನೋಡಿದ್ದು ಅಂದ್ಕೊಂಡ್ರಿ? ಬನ್ನಿ ಕಂಡಕ್ಟರಣ್ಣ, ಕೂತ್ಕೊಳ್ಳಿ."

ಕಂಡಕ್ಟರು ಕೂತರು. ಕತ್ತರಿ ಶುರುವಾಯಿತು. ಸದ್ದು ಹಳೆಯದೇ, ನಿಧಾನವಾಗಿ, ಒಂದೇ ಸಮನೆ. ಅಣ್ಣತಮ್ಮಂದಿರು ಬಾಗಿಲ ಬಳಿ ನಿಂತು ಕೇಳಿದರು. ಕಿರಿಯವನು ಮುಖ ಆಚೆ ತಿರುಗಿಸಿಕೊಂಡ. ಹದಿನೈದು ನಿಮಿಷಕ್ಕೆ ಎಡಬಲ ಒಂದಾಯಿತು. ಎದ್ದು ಕನ್ನಡಿ ನೋಡಿದ ಕಂಡಕ್ಟರು ಟೋಪಿ ಮಡಚಿ ಜೇಬಿಗೆ ಹಾಕಿಕೊಂಡರು.

ತಾಯಿ ಕೈ ಒರೆಸಿಕೊಂಡು ಕಾಗದ ಈಸಿಕೊಂಡಳು. ಗಂಡನ ಅಕ್ಷರವನ್ನು ಒಂದು ಸಲ ನೋಡಿ, ಅಡ್ಡ ಗೆರೆ ಎಳೆದು, 'ನಮ್ಮ ದೂರು ವಾಪಸ್' ಎಂದು ಬರೆದಳು. "ಈ ಪೆಟ್ಟಿಗೇನೂ ತಗೊಂಡ್ಹೋಗಿ, ಜಾಗ ತಿನ್ನುತ್ತೆ. ದಾಳ ಮಾತ್ರ ಬಿಟ್ಟುಹೋಗಿ. ಇವರಿಬ್ಬರಲ್ಲಿ ಬೆಳಿಗ್ಗೆ ಅಂಗಡಿ ಗುಡಿಸೋದ್ಯಾರು ಅಂತ ದಿನಾ ನೋಡ್ಬೇಕು."

ತಕ್ಕಡಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕಾಗದವನ್ನು ಎದೆಗೊತ್ತಿಕೊಂಡು ಓಡಿದ. ಬಸ್ಸಿನಲ್ಲಿ ನಿಂತೇ ಹೋದರೂ ಕಾಲು ನೋಯಲಿಲ್ಲ. ಹೆಂಡತಿಯ ಇನ್ನೊಂದು ಕಣ್ಣೂ ಅವನ ಪಾಲಿಗೆ ಆಗಲೇ ವಾಸಿಯಾಗಿತ್ತು.

ಐದಕ್ಕೆ ಹತ್ತು ನಿಮಿಷವಿತ್ತು. ಮ್ಯಾನೇಜರ ಕೋಣೆಯಲ್ಲಿ ಯಜಮಾನರು ಆಗಲೇ ಬಂದು ಕೂತಿದ್ದರು. ಮ್ಯಾನೇಜರು ನಿಂತಿದ್ದರು, ಮುಖ ಹಿಂಡಿದ ಬಟ್ಟೆಯಂತಿತ್ತು.

"ತೂಗೋನು ನೀನೇನಾ?" ಎಂದರು ಯಜಮಾನರು. "ಉಗ್ರಾಣದ ಬೀಗ ಒಡೆಸಿ ನೋಡಿದೆ. ದಾಳ ಮುಗಿದು ನಾಲ್ಕು ತಿಂಗಳಾಗಿದೆ. ತರಿಸೋದನ್ನ ಎಲ್ಲರೂ ಮರೆತಿದೀರಿ. ಹನ್ನೊಂದು ಸಾವಿರ ಪೆಟ್ಟಿಗೆ ದಾಳ ಇಲ್ಲದೇ ಹೋಗಿದೆ. ನಿನ್ನ ತಕ್ಕಡೀಲಿ ಹೇಗಯ್ಯಾ ಪಾಸಾಯ್ತು?"

ತಕ್ಕಡಿ ತಲೆ ತಗ್ಗಿಸಿದ. "ಮಳೆಗಾಲ ಸಾರ್. ಹೊಸ ರಟ್ಟು ಅಗ್ಗದ್ದು, ತೇವ ಕುಡಿಯುತ್ತೆ. ದಾಳದಷ್ಟೇ ತೂಕ ಜಾಸ್ತಿ ಆಗಿರ್ಬೇಕು."

"ಅದು ಹಾಳಾಗಿ ಹೋಗಲಿ. ನನ್ನ ಚಿಂತೆ ಅದಲ್ಲ. ದಾಳ ಇಲ್ದಿದ್ರೆ ಈ ಆಟ ಒಂದು ಹೆಜ್ಜೆ ಮುಂದೆ ಹೋಗಲ್ಲ. ಹನ್ನೊಂದು ಸಾವಿರ ಜನ ಕೊಂಡ್ರು, ಹನ್ನೊಂದು ಸಾವಿರ ಕಾಗದ ಬರ್ಬೇಕಿತ್ತು. ಯಾಕೆ ಬರ್ಲಿಲ್ಲ? ಯಾರೂ ಆಡೇ ಇಲ್ಲ! ಚಿತ್ರ ನೋಡಿ ಕೊಳ್ತಾರೆ, ಉಡುಗೊರೆ ಕೊಡ್ತಾರೆ, ಈಸ್ಕೊಂಡೋರು ಅಟ್ಟಕ್ಕೆ ಹಾಕ್ತಾರೆ. ಕಾರ್ಖಾನೇಲಿ ಪಾಲಿರೋ ನಮ್ಮಣ್ಣಂದಿರು ಹೇಳೋದೂ ಅದೇ: ಈ ಆಟಗಳನ್ನ ಈಗ ಯಾರೂ ಆಡಲ್ಲ, ಇದನ್ನ ಮುಚ್ಚಿ ಚಪ್ಪಲಿ ಡಬ್ಬ ಮಾಡೋಣ ಅಂತ. ಐದೂವರೆಗೆ ಅವರಿಗೆ ಉತ್ತರ ಹೇಳ್ಬೇಕು."

ಮ್ಯಾನೇಜರು ನಡುವೆ ಬಾಯಿ ಹಾಕಿದರು. "ಒಬ್ಬರು ಆಡೋಕೆ ಕೂತಿದಾರೆ ಸಾರ್! ದೂರು ಬಂದಿದೆ ಅಂದ್ನಲ್ಲ!"

"ಹೌದು," ಎಂದರು ಯಜಮಾನರು, ಮೆತ್ತಗಾಗಿ. "ಒಬ್ಬ ಬರೆದ ಅಂದ್ರೆ ಆಡೋಕೆ ಕೂತು, ಬೈದು, ಬರೆಯದೇ ಬಿಟ್ಟೋರು ನೂರು ಜನ ಇರ್ತಾರೆ. ಆ ಒಂದು ಕಾಗದ ಅಣ್ಣಂದಿರ ಮುಂದೆ ಇಟ್ಟು ಇನ್ನೊಂದು ವರ್ಷ ಕೇಳ್ತೀನಿ. ಎಲ್ಲಿ, ಕೊಡು."

ತಕ್ಕಡಿ ಕಾಗದವನ್ನು ಬೆನ್ನ ಹಿಂದಕ್ಕೆ ಸರಿಸಿದ. ಮ್ಯಾನೇಜರು ಬೇಡ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡುವಷ್ಟರಲ್ಲಿ ಯಜಮಾನರು ಅದನ್ನು ಕಿತ್ತುಕೊಂಡಿದ್ದರು. ಅಡ್ಡ ಗೆರೆ ನೋಡಿದರು. 'ನಮ್ಮ ದೂರು ವಾಪಸ್' ಓದಿದರು. ಕಂಕುಳಲ್ಲಿದ್ದ ಪೆಟ್ಟಿಗೆಯತ್ತ ಬೆರಳು ತೋರಿಸಿದರು.

"ಅದು?"

"ಅದನ್ನೂ ವಾಪಸ್ ಕೊಟ್ರು ಸಾರ್. ಆದ್ರೆ ಆಡಿದ್ರು ಸಾರ್! ನನ್ನ ಕಣ್ಣಾರೆ ನೋಡ್ದೆ. ದಾಳ ಮಾತ್ರ ತುಂಬಾ ಇಷ್ಟ ಆಯ್ತು, ಅದನ್ನ ಇಟ್ಕೊಂಡ್ರು."

"ದಾಳ ನಾವು ಮಾಡೋದಲ್ಲ ಕಣಯ್ಯಾ," ಎಂದರು ಯಜಮಾನರು. "ಹೊರಗಿಂದ ತರಿಸೋದು."

ಅವರು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟು, ಅಣ್ಣಂದಿರಿಗೆ ಫೋನು ಮಾಡಲು ಪಕ್ಕದ ಕೋಣೆಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಒಳಗಿನ ಮಾತು ಕೇಳಿಸಲಿಲ್ಲ. 'ಡಬ್ಬ' ಎಂಬುದೊಂದು ಮಾತ್ರ ಎರಡು ಸಲ ಕೇಳಿಸಿತು.

ಮ್ಯಾನೇಜರು ಕುರ್ಚಿಯಲ್ಲಿ ಕುಸಿದು ಕೂತರು. ತಕ್ಕಡಿಯನ್ನು ಬಹಳ ಹೊತ್ತು ನೋಡಿದರು.

"ಎಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸ್ಕೊಂಡು ಬಂದೆಯಪ್ಪ," ಎಂದರು.

ಹನ್ನೊಂದು ವರ್ಷದಲ್ಲಿ ಅವರು ಅವನನ್ನು ಹೊಗಳಿದ್ದು ಅದೇ ಮೊದಲು.